ಒಬ್ದೂಲಿಯಾ ಆರಿಸಿದ ಕಡಲತೀರ

ಬೆನಿಮಾರ ಎಂಬ ಕಡಲ ದಂಡೆಯ ಊರಿನ ಒಬ್ದೂಲಿಯಾ ಬೇಸಿಗೆ ಬಂತೆಂದರೆ ಬೆಳಿಗ್ಗೆ ಐದೂವರೆಗೆ ಎದ್ದು, ಮುಖ ಕೂಡ ತೊಳೆಯದೆ, ಒಂದು ಕಂಕುಳಲ್ಲಿ ಮಡಿಚುವ ಕುರ್ಚಿ, ಇನ್ನೊಂದರಲ್ಲಿ ಕೊಡೆ ಇಟ್ಟುಕೊಂಡು ಸಮುದ್ರಕ್ಕೆ ಹೋಗುತ್ತಿದ್ದಳು. ನೀರಿನ ಅಂಚಿನಿಂದ ನಾಲ್ಕು ಹೆಜ್ಜೆ ಹಿಂದೆ ಕುರ್ಚಿ ಬಿಡಿಸಿ, ಕೊಡೆ ನೆಟ್ಟು, ಮನೆಗೆ ವಾಪಸ್ಸು ಬಂದು ಮಲಗುತ್ತಿದ್ದಳು. ಎಂಟಕ್ಕೆ ಎದ್ದು ಕಾಫಿ, ಒಂಬತ್ತಕ್ಕೆ ಮೀನಿನ ಅಂಗಡಿ, ಹತ್ತಕ್ಕೆ ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್ಟು ಮಗುಚಿ ಹಾಕಿ ಡಬ್ಬಿಗೆ ತುಂಬುವುದು. ಸಮುದ್ರಕ್ಕೆ ಮತ್ತೆ ಹೋಗುತ್ತಿದ್ದುದು ಹನ್ನೊಂದಕ್ಕೆ. ಅಷ್ಟು ಹೊತ್ತೂ ಅವಳ ಬದಲಿಗೆ ಅವಳ ಕುರ್ಚಿ ಸಮುದ್ರ ನೋಡುತ್ತಾ ಇರುತ್ತಿತ್ತು. ಊರಿನ ಎಲ್ಲರದೂ ಇದೇ ಪದ್ಧತಿ. ಆರು ಗಂಟೆಗೆಲ್ಲ ಮೊದಲ ಸಾಲು ಪೂರ್ತಿ ತುಂಬಿರುತ್ತಿತ್ತು, ಮನುಷ್ಯರು ಮಾತ್ರ ಒಬ್ಬರೂ ಇರುತ್ತಿರಲಿಲ್ಲ. ಅದರಲ್ಲಿ ವಿಚಿತ್ರವೇನಾದರೂ ಇದೆ ಎಂದು ಯಾರಿಗೂ ತೋಚಿರಲಿಲ್ಲ.

ಒಬ್ದೂಲಿಯಾ ಇಪ್ಪತ್ತೊಂಬತ್ತು ವರ್ಷ ಕಿತ್ತಳೆ ಪ್ಯಾಕಿಂಗ್ ಶೆಡ್ಡಿನಲ್ಲಿ ದುಡಿದವಳು. ಓಡುವ ಯಂತ್ರದ ಪಟ್ಟಿಯ ಮೇಲೆ ಉರುಳಿ ಬರುವ ಹಣ್ಣನ್ನು ಕಣ್ಣಿಂದ ನೋಡದೆ ಕೈಯಿಂದಲೇ ಅಳೆದು ಮೂರು ಬುಟ್ಟಿಗೆ ಹಾಕುವುದು ಅವಳ ಕೆಲಸ: ಹೊರದೇಶಕ್ಕೆ ಹೋಗುವುದು, ಊರಿನ ಸಂತೆಗೆ ಹೋಗುವುದು, ರಸ ಹಿಂಡುವುದಕ್ಕೆ ಹೋಗುವುದು. ಕೆಲಸ ಬಿಟ್ಟ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಪಾದ್ರಿಯ ಪ್ರಸಂಗ, ಮದುವಣಗಿತ್ತಿಯರು, ಹೊಸ ಡಾಕ್ಟರು, ಎಲ್ಲರನ್ನೂ ಯಾವುದಾದರೂ ಬುಟ್ಟಿಗೆ ಹಾಕಿದರೇ ಅವಳಿಗೆ ಸಮಾಧಾನ. ಗಂಡ ರಮೀರೊ ಬದುಕಿದ್ದಾಗ ಒಂದು ದಿನ, ನನ್ನನ್ನು ಯಾವುದಕ್ಕೆ ಹಾಕಿದ್ದೀ ಎಂದು ಕೇಳಿದ. ಊರಿನ ಸಂತೆಗೆ ಎಂದಳು. ಎರಡು ದಿನ ಅವನು ಮಾತು ಬಿಟ್ಟ. ಹೊರದೇಶಕ್ಕೆ ಹೋಗುವ ಹಣ್ಣನ್ನು ಕಾಯಾಗಿರುವಾಗಲೇ ಕಿತ್ತು ಮೇಣ ಬಳಿಯುತ್ತಾರೆ, ರುಚಿ ಇರುವುದು ಸಂತೆಯದಕ್ಕೇ ಎಂದು ಅವಳು ಮೂರನೇ ದಿನ ಬಿಡಿಸಿ ಹೇಳಿದ ಮೇಲೆ ಊಟಕ್ಕೆ ಬಂದ. ಅವನು ಹೋಗಿ ಹನ್ನೊಂದು ವರ್ಷವಾಯಿತು.

ಸಮುದ್ರದಲ್ಲಿ ಅವಳ ಎಡಕ್ಕೆ ಲೆಯೊಕಾದಿಯಾಳ ಕುರ್ಚಿ, ಬಲಕ್ಕೆ ಫುಯೆನ್ಸಾಂತಾಳದು. ಮೂವರೂ ಒಂದೇ ಶೆಡ್ಡಿನವರು, ಮೂವರೂ ಗಂಡನನ್ನು ಕಳೆದುಕೊಂಡವರು. ಲೆಯೊಕಾದಿಯಾಗೆ ದನಿ ದೊಡ್ಡದು, ಫುಯೆನ್ಸಾಂತಾಗೆ ಹಸಿವು ದೊಡ್ಡದು. ಒಬ್ದೂಲಿಯಾಳ ಎಡಮಂಡಿ ಸರಿಯಿಲ್ಲ. ನೆಲದ ಮೇಲೆ ಹೇಗೋ ನಡೆಯುತ್ತದೆ, ನೀರಿನೊಳಗೆ ಮೂರನೇ ಹೆಜ್ಜೆಗೆ ಸರಿಯಾಗಿ ಕುಸಿಯುತ್ತದೆ. ಅದಕ್ಕೇ ಮೂವರೂ ಕೈ ಕೈ ಹಿಡಿದು, ಅವಳನ್ನು ನಡುವೆ ಇಟ್ಟುಕೊಂಡು ಇಳಿಯುತ್ತಿದ್ದರು. ಒಂದು ಸಲ ನೀರು ಎದೆಮಟ್ಟಕ್ಕೆ ಬಂದಿತೆಂದರೆ ಅವಳಿಗೆ ಮಂಡಿಯೇ ಬೇಡ, ಇಪ್ಪತ್ತರ ಹುಡುಗಿಯ ಹಾಗೆ ತೇಲುತ್ತಿದ್ದಳು. ಡಾಕ್ಟರು ವರ್ಷಕ್ಕೆ ನಲವತ್ತು ಸ್ನಾನ ಹೇಳಿದ್ದರು. ಅವಳು ಒಂದೂ ತಪ್ಪಿಸಿರಲಿಲ್ಲ.

ಈ ವರ್ಷ ಬೇಸಿಗೆ ಶುರುವಾಗುತ್ತಲೇ ಪುರಸಭೆಯವರು ಕಂಬಕ್ಕೊಂದು ನೋಟೀಸು ಅಂಟಿಸಿದರು. ಒಡೆಯರಿಲ್ಲದ ಕುರ್ಚಿಗಳನ್ನು ತೀರದಿಂದ ಎತ್ತಿಸಲಾಗುವುದು ಎಂದು ಬರೆದಿತ್ತು. ಊರಿನವರೆಲ್ಲ ಓದಿದರು. ಒಳ್ಳೆಯ ಕೆಲಸ, ರಾಜಧಾನಿ ಮಾದ್ರಿದಿನಿಂದ ಬೇಸಿಗೆಗೆ ಬರುವವರಿಗೆ ಹೀಗೇ ಆಗಬೇಕು ಎಂದು ಒಪ್ಪಿಕೊಂಡು, ಮರುದಿನ ಐದೂವರೆಗೆ ಹೋಗಿ ತಮ್ಮ ತಮ್ಮ ಕುರ್ಚಿ ಇಟ್ಟು ಬಂದರು. ಆವತ್ತು ಒಬ್ದೂಲಿಯಾ ಹನ್ನೊಂದಕ್ಕೆ ಹೋಗಿ ನೋಡಿದರೆ ಮರಳು ಬೋಳಾಗಿತ್ತು. ರಸ್ತೆಯಲ್ಲಿ ನಿಂತೇ ಸಮುದ್ರ ಕಾಣುತ್ತಿತ್ತು. ಆ ತೀರಕ್ಕೆ ಕುರ್ಚಿ ಒಯ್ಯತೊಡಗಿದ ಮೂವತ್ತೊಂದು ವರ್ಷದಲ್ಲಿ ಅವಳು ಹಾಗೆ ನೋಡಿರಲಿಲ್ಲ. ದೊಡ್ಡ ಅಲೆ ಬಂದು ಎಲ್ಲವನ್ನೂ ಎಳಕೊಂಡು ಹೋಗಿದೆ ಎಂದುಕೊಂಡು ಶಿಲುಬೆ ಗುರುತು ಹಾಕಿಕೊಂಡಳು. ಅಲೆಯಲ್ಲ, ಪುರಸಭೆಯ ಎವರಿಸ್ತೊ ಟ್ರ್ಯಾಕ್ಟರ್ ತಂದು ಇನ್ನೂರ ಹನ್ನೆರಡು ಕುರ್ಚಿ ತುಂಬಿಕೊಂಡು ಹೋಗಿದ್ದ. ದಂಡ ಕಟ್ಟಿದರೆ ವಾಪಸ್ಸು.

"ನನ್ನ ಕುರ್ಚಿಗೆ ನಾನೇ ದಂಡ ಕಟ್ಟೋದಾ?" ಎಂದಳು ಲೆಯೊಕಾದಿಯಾ. "ಅದೇನು ಕುಡಿದು ಗಲಾಟೆ ಮಾಡಿತ್ತಾ?"

ದಂಡ ಕಟ್ಟಬಾರದು, ಹಿಂದಿನ ಸಾಲಿನವರ ಹಾಗೆ ನೆಲದ ಮೇಲೆ ಟವೆಲು ಹಾಸಿ ಕೂರಲೂಬಾರದು, ಈ ಮರಳಿಗೆ ಇನ್ನು ಕಾಲಿಡುವುದೇ ಬೇಡ ಎಂದು ಮೂವರಲ್ಲೂ ತೀರ್ಮಾನವಾಯಿತು. ಬೇರೆ ತೀರ ಹುಡುಕಬೇಕು. ಲೆಯೊಕಾದಿಯಾಳ ಮಗಳು ನೀವೆಸ್ ಎಷ್ಟೋ ದಿನದಿಂದ, ನಮ್ಮಲ್ಲಿಗೆ ಬಾ, ನಮ್ಮ ಕಟ್ಟಡದಲ್ಲಿ ಈಜುಕೊಳ ಇದೆ ಎಂದು ಕರೆಯುತ್ತಿದ್ದಳು. ಭಾನುವಾರದೊಳಗೆ ಒಳ್ಳೆ ತೀರ ಸಿಗದಿದ್ದರೆ ಬೇಸಿಗೆ ಪೂರ್ತಿ ಮಗಳ ಮನೆಗೆ ಹೋಗುತ್ತೇನೆ, ಅವಳಿಗೆ ಬಂದು ಕರಕೊಂಡು ಹೋಗು ಎಂದು ಹೇಳಿಯೂ ಆಗಿದೆ ಎಂದಳು ಲೆಯೊಕಾದಿಯಾ. ಲೆಯೊಕಾದಿಯಾ ಹೋದರೆ ನಾನೂ ಬೆಟ್ಟದ ಊರಿನ ತಂಗಿಯ ಮನೆಗೆ ಹೋಗುವುದೇ ಎಂದಳು ಫುಯೆನ್ಸಾಂತಾ. ನೀರಿನಲ್ಲಿ ಹಿಡಿಯುವ ಎರಡು ಕೈಗಳೂ ಹೋದರೆ ಒಬ್ದೂಲಿಯಾಗೆ ಸಮುದ್ರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇದ್ದುದು ಐದು ದಿನ.

ಕರಾವಳಿ ಬಸ್ಸು ಹತ್ತಿ ಹುಡುಕಲು ಹೊರಟರು. ಮಡಿಚುವ ಕುರ್ಚಿ ಜಪ್ತಿಯಾಗಿದ್ದರಿಂದ ಅಡಿಗೆಮನೆಯ ಮರದ ಕುರ್ಚಿಗಳನ್ನೇ ಬಸ್ಸಿಗೆ ಹೇರಿದರು. ಒಬ್ದೂಲಿಯಾ ತೀರಗಳನ್ನು ಹಣ್ಣು ಆರಿಸಿದ ಹಾಗೇ ಆರಿಸಿದಳು. ಬಸ್ಸಿನಿಂದ ನೀರಿಗೆ ಎಷ್ಟು ಹೆಜ್ಜೆ, ಗಾಳಿ ಎಷ್ಟು ಗಂಟೆಗೆ ಏಳುತ್ತದೆ, ಶವರಿನಲ್ಲಿ ನೀರು ಬರುತ್ತದೋ ಇಲ್ಲವೋ, ಪಾಯಿಖಾನೆ ಹೇಗಿದೆ, ಎಲ್ಲವನ್ನೂ ಔಷಧಿ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ಹಿಂದೆ ಗೀಟು ಹಾಕಿ ಗುರುತು ಮಾಡಿದಳು.

ಮೊದಲು ಹೋದದ್ದು ಗುಂಡುಕಲ್ಲಿನ ತೀರಕ್ಕೆ. ನೀರು ಕನ್ನಡಿ. ಆದರೆ ಕಾಲಿಟ್ಟರೆ ಆಲೂಗಡ್ಡೆ ರಾಶಿಯ ಮೇಲೆ ನಡೆದ ಹಾಗೆ. ಫುಯೆನ್ಸಾಂತಾ ಅರ್ಧ ದಾರಿಯಲ್ಲಿ ನಿಂತವಳು ಮುಂದೂ ಹೋಗಲಾರೆ ಹಿಂದೂ ಬರಲಾರೆ ಎಂದಳು. ಅವಳ ಕುರ್ಚಿಯನ್ನೂ ಆಮ್ಲೆಟ್ಟನ್ನೂ ಅವಳಿದ್ದಲ್ಲಿಗೇ ಸಾಗಿಸಬೇಕಾಯಿತು. ಮೂರು ಗಂಟೆ ಹೊತ್ತು ಅವಳು ಅಲ್ಲೇ ಸುಖವಾಗಿದ್ದಳು. ಅವಳಿಗೆ ಹಿಡಿಸಿದ್ದು ಇದೇ ತೀರ.

ಮರುದಿನ ಬಾವುಟದ ತೀರ. ಉತ್ತಮ ತೀರ ಎಂದು ಬಹುಮಾನದ ಬಾವುಟ ಹಾರಿಸಿದ್ದಾರೆ, ಎಲ್ಲ ಪಟ್ಟಿಯಲ್ಲೂ ಹೆಸರಿದೆ. ಅದಕ್ಕೇ ಅಲ್ಲಿ ಮರಳು ಕಾಣಿಸುವುದಿಲ್ಲ. ಮೂವರೂ ಕುರ್ಚಿ ತಲೆಯ ಮೇಲೆ ಹೊತ್ತು ಒಂದು ಗಂಟೆ ಇಪ್ಪತ್ತು ನಿಮಿಷ ಜಾಗಕ್ಕೆ ಕಾದರು. ಒಬ್ಬ ಜರ್ಮನಿಯವನು ಟವೆಲು ಕೊಡವಲು ಎದ್ದ. ಅವನು ಕೊಡವಿ ತಿರುಗುವಷ್ಟರಲ್ಲಿ ಅಲ್ಲಿ ನಾಲ್ಕು ಜನರ ಸಂಸಾರ ಕೂತು ಊಟ ಶುರುಮಾಡಿತ್ತು. ಜನ ಮಾತಿಗೆ ಸಿಗುತ್ತಾರೆ ಎಂದು ಲೆಯೊಕಾದಿಯಾ ಇದನ್ನೇ ಹಿಡಿದಳು.

ಮೂರನೆಯದು ಪೈನ್ ಮರಗಳ ಕೆಳಗಿನ ಕೊಲ್ಲಿ. ಹಿಟ್ಟಿನಂಥ ಮರಳು, ಬೇಕಾದಷ್ಟು ಜಾಗ, ಗದ್ದಲವಿಲ್ಲ. ಕುರ್ಚಿ ಹಾಕಿ ಕೂತ ಮೇಲೆ ಗೊತ್ತಾಯಿತು, ಅಲ್ಲಿ ಯಾರೂ ಬಟ್ಟೆ ಹಾಕುವುದಿಲ್ಲ. ಲೆಯೊಕಾದಿಯಾ ಅದಕ್ಕೇನೂ ಹೆದರಲಿಲ್ಲ, ನಾವೇನು ನೋಡದೇ ಇರೋದಾ ಎಂದಳು. ಅಷ್ಟರಲ್ಲಿ ಊರಿನ ಔಷಧಿ ಅಂಗಡಿಯವರೇ ಎದ್ದು ಬಂದು, ಹುಟ್ಟಿದ ಹಾಗೇ ನಿಂತು, ನಿಮ್ಮ ರಕ್ತದೊತ್ತಡ ಈಗ ಹೇಗಿದೆಯಮ್ಮಾ ಎಂದು ವಿಚಾರಿಸಿದರು. ಬಿಚ್ಚಿದ್ದ ಡಬ್ಬಿ ನೋಡಿ, ಆಮ್ಲೆಟ್ಟಿಗೆ ಉಪ್ಪು ಕಡಿಮೆ ಮಾಡಿ ಎಂದೂ ಹೇಳಿದರು. ಬತ್ತಲೆ ನಿಂತು ಉಪ್ಪಿನ ಮಾತಾಡುವವರಿರುವ ಜಾಗಕ್ಕೆ ಮತ್ತೆ ಬರುವುದಿಲ್ಲ ಎಂದು ಲೆಯೊಕಾದಿಯಾ ಕುರ್ಚಿ ಎತ್ತಿದಳು. ಒಬ್ದೂಲಿಯಾಗೆ ಮಾತ್ರ ಅದು ಎಲ್ಲ ಲೆಕ್ಕದಲ್ಲೂ ಹೊರದೇಶದ ಹಣ್ಣು.

ನಾಲ್ಕನೇ ದಿನ ನೂರ ಹದಿನೆಂಟು ಮೆಟ್ಟಿಲಿಳಿದು ಹೋಗುವ ತೀರ. ಇಳಿದದ್ದೂ ನೂರ ಹದಿನೆಂಟು, ಹತ್ತಿದ್ದೂ ನೂರ ಹದಿನೆಂಟೇ, ಆದರೆ ಹತ್ತುವಾಗಿನವು ಉದ್ದ. ಮೇಲೆ ಬಂದಾಗ ಬಸ್ಸು ಹೋಗಿತ್ತು. ನಾಲ್ಕು ದಿನವಾದರೂ ಒಂದು ಸ್ನಾನವೂ ಆಗಿರಲಿಲ್ಲ. ರಸ್ತೆ ಬದಿಯಲ್ಲಿ ಸಾಲಾಗಿ ಕುರ್ಚಿ ಹಾಕಿ ಕೂತರು. ಅಲ್ಲಿ ಜಗಳ ಬಿತ್ತು. ಒಬ್ಬಳಿಗೆ ಕಲ್ಲಿನದು ಬೇಕು, ಒಬ್ಬಳಿಗೆ ಬಾವುಟದ್ದು ಬೇಕು. ಒಬ್ದೂಲಿಯಾ ಕ್ಯಾಲೆಂಡರು ತೆಗೆದು ಗೀಟು ತೋರಿಸಿದಳು.

"ನಾವೇನು ಕಿತ್ತಳೆನಾ ಕಣೇ?" ಎಂದಳು ಲೆಯೊಕಾದಿಯಾ. "ನಾಡಿದ್ದು ನೀವೆಸ್ ಬರ್ತಾಳೆ. ನಾನು ಹೊರಟೆ."

ಮರುದಿನ, ಶನಿವಾರ, ಒಬ್ದೂಲಿಯಾ ಒಬ್ಬಳೇ ಪುರಸಭೆಯ ಅಂಗಳಕ್ಕೆ ಹೋದಳು. ಜೊತೆಯಂತೂ ಹೋಯಿತು, ಕುರ್ಚಿಯನ್ನಾದರೂ ಬಿಡಿಸಿಕೊಳ್ಳೋಣ ಎಂದು. ಸಮುದ್ರದಿಂದ ಎರಡನೇ ಬೀದಿ. ಟ್ರ್ಯಾಕ್ಟರ್ ನಿಲ್ಲಿಸುವ ಅಂಗಳ, ಸುತ್ತ ಬಿಳಿ ಗೋಡೆ, ನಡುವೆ ದೊಡ್ಡ ಹಿಪ್ಪುನೇರಳೆ ಮರ. ಎವರಿಸ್ತೊ ಅಚ್ಚುಕಟ್ಟಿನ ಮನುಷ್ಯ. ಎತ್ತಿದ ಕುರ್ಚಿ ಕಲಸಿಹೋಗಬಾರದೆಂದು ತೀರದಲ್ಲಿ ಹೇಗಿದ್ದವೋ ಹಾಗೇ, ಸಾಲಿಗೆ ಸಾಲು, ಪಕ್ಕಕ್ಕೆ ಪಕ್ಕ, ಬಿಡಿಸಿ ಇಟ್ಟಿದ್ದ. ಕೊಡೆಗಳನ್ನೂ ಮರಳು ತುಂಬಿದ ಡಬ್ಬಗಳಲ್ಲಿ ನೆಟ್ಟಿದ್ದ. ಮೊದಲ ಸಾಲು ಗೋಡೆ ನೋಡುತ್ತಿತ್ತು.

"ಗುರುತು ಹೇಳಿ ಅಮ್ಮಾ," ಎಂದ. "ನಿಮ್ದೇ ಅಂತ ನನಗೆ ಗೊತ್ತು. ಕಾಗದಕ್ಕೂ ಗೊತ್ತಾಗ್ಬೇಕಲ್ಲ."

ಕೂತು ಹೇಳುತ್ತೇನೆ ಎಂದು ಅವಳು ತನ್ನ ಕುರ್ಚಿಯಲ್ಲಿ ಕೂತಳು. ಎಡಕ್ಕೆ ಲೆಯೊಕಾದಿಯಾಳ ಕುರ್ಚಿ, ಬಲಕ್ಕೆ ಫುಯೆನ್ಸಾಂತಾಳದು. ಗೋಡೆಯಾಚೆ ಅಲೆಯ ಸದ್ದು ಕೇಳುತ್ತಿತ್ತು. ಗಾಳಿ ಗೋಡೆ ಹತ್ತಿ ಇಳಿದು ಬರುವಾಗ ಮರಳನ್ನು ಆಚೆಗೇ ಬಿಟ್ಟು ಬರುತ್ತಿತ್ತು. ಕಾಲು ತೊಳೆಯಲು ಟ್ರ್ಯಾಕ್ಟರ್ ತೊಳೆಯುವ ಪೈಪಿತ್ತು. ಪಾಯಿಖಾನೆಯನ್ನು ಎವರಿಸ್ತೊ ದಿನಕ್ಕೆ ಎರಡು ಸಲ ತೊಳೆಯುತ್ತಿದ್ದ. ಅವಳು ಎರಡು ಗಂಟೆಯವರೆಗೂ ಎದ್ದೇಳಲಿಲ್ಲ. ಎದ್ದವಳು ಕುರ್ಚಿ ಬಿಡಿಸಿಕೊಳ್ಳದೆ ನೆಟ್ಟಗೆ ಗೆಳತಿಯರ ಮನೆಗೆ ಹೋಗಿ ಇಬ್ಬರನ್ನೂ ಎಳಕೊಂಡು ಬಂದಳು.

ಲೆಯೊಕಾದಿಯಾ ಬಾಗಿಲಲ್ಲೇ ಕೂಗಾಡಿದಳು, ನಾನು ಒಂದು ಕಾಸೂ ಕೊಡುವುದಿಲ್ಲ ಎಂದು. ದಂಡ ಇರುವುದು ಕುರ್ಚಿ ಆಚೆ ಒಯ್ದರೆ ಮಾತ್ರ, ಕೂತರೆ ದಂಡ ಎಂದು ಎಲ್ಲೂ ಬರೆದಿಲ್ಲ ಎಂದು ಎವರಿಸ್ತೊ ಕಾಗದ ತೋರಿಸಿದ. ಅವಳು ಅನುಮಾನದಿಂದಲೇ ಕೂತಳು. ಬೆನ್ನು ತನ್ನ ಹಳೆಯ ಗುಳಿಯನ್ನು ಹುಡುಕಿಕೊಂಡಿತು.

"ಸಮುದ್ರ ಕಾಣಲ್ವಲ್ಲೇ," ಎಂದಳು ಆಮೇಲೆ.

"ಮೂವತ್ತೊಂದು ವರ್ಷ ನೀನು ಅದಕ್ಕೆ ಬೆನ್ನು ಹಾಕಿ ಕೂತು ಯಾರು ಬಂದ್ರು ಯಾರು ಹೋದ್ರು ಅಂತ ನೋಡ್ತಿದ್ದೆ," ಎಂದಳು ಒಬ್ದೂಲಿಯಾ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮೂವರೂ ಅಲ್ಲಿದ್ದರು. ಸುದ್ದಿ ಹೇಗೋ ಹಬ್ಬಿ ಹನ್ನೆರಡರೊಳಗೆ ಮೊದಲ ಸಾಲು ತುಂಬಿತು, ಎರಡನೆಯದೂ ತುಂಬಿತು. ಪುರಸಭೆಯ ಸದಸ್ಯರೊಬ್ಬರು ಕಡತ ಹಿಡಿದು ಓಡಿ ಬಂದರು. ಒಡೆಯರಿಲ್ಲದ ಕುರ್ಚಿ ಎತ್ತಿಸಬೇಕು ಎಂದು ಓದಿದರು. ತಲೆಯೆತ್ತಿ ನೋಡಿದರೆ ಒಂದೊಂದು ಕುರ್ಚಿಯಲ್ಲೂ ಅದರ ಒಡೆಯರು ಕೂತು ಕಲ್ಲಂಗಡಿ ತಿನ್ನುತ್ತಿದ್ದರು. ಸದಸ್ಯರು ಕಡತ ಮುಚ್ಚಿದರು. ಬಿಸಿಲಿಗೆ ಬೆವೆತು, ಕೂರಲು ಜಾಗವಿದೆಯೇ ಎಂದು ಕೇಳಿದರು. ಇರಲಿಲ್ಲ.

ಅವರು ಹೋದ ಬೆನ್ನಿಗೇ ನೀವೆಸ್ ಬಂದಳು, ತಾಯಿಯ ಪೆಟ್ಟಿಗೆ ಆಗಲೇ ಕಾರಿಗೆ ಹಾಕಿಕೊಂಡು. ಬಾಗಿಲಲ್ಲಿ ನಿಂತು ಎರಡು ಟ್ರ್ಯಾಕ್ಟರುಗಳನ್ನೂ ಅವುಗಳ ನಡುವೆ ಸ್ನಾನದ ಉಡುಪಿನಲ್ಲಿ ಕೂತಿದ್ದ ತಾಯಿಯನ್ನೂ ನೋಡಿದಳು.

"ಅಮ್ಮಾ, ಏಳು. ಇದು ಬೀಚಲ್ಲ, ಪುರಸಭೆ ಅಂಗಳ."

"ಮೊದಲ್ನೇ ಸಾಲು ಕಣೇ," ಎಂದಳು ಲೆಯೊಕಾದಿಯಾ.

"ಇಲ್ಲಿ ನೀರೆಲ್ಲಿದೆ?"

ಒಬ್ದೂಲಿಯಾಳ ಕ್ಯಾಲೆಂಡರಿನಲ್ಲಿ ಈ ಜಾಗಕ್ಕೆ ಎಲ್ಲ ಗೀಟುಗಳೂ ಬಿದ್ದಿದ್ದವು, ನೀರಿನದೊಂದನ್ನು ಬಿಟ್ಟು. ಲೆಯೊಕಾದಿಯಾ ಮಗಳನ್ನು ನೋಡಿದಳು, ಕಾರನ್ನು ನೋಡಿದಳು. ಆಮೇಲೆ ಎದ್ದು ಟವೆಲು ಹೆಗಲಿಗೆ ಹಾಕಿಕೊಂಡಳು.

"ನೀರು ನೀರಿದ್ದಲ್ಲೇ ಇದೆ ಮಗಳೇ. ಹೋಗಿ ಬರ್ತೀವಿ. ನೀನು ಕೂತು ಮೂರೂ ಕುರ್ಚಿ ನೋಡ್ಕೋ."

ಮೂವರೂ ಬೀದಿಗಿಳಿದರು. ನೂರ ನಲವತ್ತಾರು ಹೆಜ್ಜೆ, ನಡುವೆ ಒಂದು ಸಿಗ್ನಲ್. ಕೆಂಪು ದೀಪಕ್ಕೆ ಕಾರುಗಳ ಮುಂದೆ ಕೈ ಕೈ ಹಿಡಿದು ನಿಂತರು. ಇನ್ನು ಈ ಮರಳಿಗೆ ಕಾಲಿಡುವುದಿಲ್ಲ ಎಂದಿದ್ದೆವಲ್ಲ ಎಂದು ಫುಯೆನ್ಸಾಂತಾ ನೆನಪಿಸಿದಳು. ಕೂರುವುದಿಲ್ಲ ಎಂದದ್ದು, ದಾಟುವುದಿಲ್ಲ ಎಂದಲ್ಲ ಎಂದು ಲೆಯೊಕಾದಿಯಾ ತಿದ್ದಿದಳು. ಊರಿನ ಅರ್ಧ ಜನ ಅಂಗಳದಲ್ಲಿದ್ದುದರಿಂದ ಮರಳಿನ ಮೇಲೆ ದಾರಿ ಸಲೀಸಾಗಿತ್ತು. ನೀರಿಗಿಳಿದ ಮೂರನೇ ಹೆಜ್ಜೆಗೆ ಒಬ್ದೂಲಿಯಾಳ ಮಂಡಿ ಕುಸಿಯಿತು, ಇಬ್ಬರೂ ಮಾತು ನಿಲ್ಲಿಸದೆ ಎತ್ತಿಕೊಂಡರು. ಈ ವರ್ಷದ ಮೊದಲ ಸ್ನಾನ, ಇನ್ನು ಮೂವತ್ತೊಂಬತ್ತು.

ನೀವೆಸ್ ಸಂಜೆ ಆರಕ್ಕೆ ತಾಯಿಯ ಪೆಟ್ಟಿಗೆಯನ್ನು ಮನೆಗೆ ಹತ್ತಿಸಿಟ್ಟು ಒಬ್ಬಳೇ ಕಾರು ಹತ್ತಿದಳು. ಹೋಗುವ ಮುಂಚೆ ಎವರಿಸ್ತೊನನ್ನು ಪಕ್ಕಕ್ಕೆ ಕರೆದು, ಹಿಂದಿನ ಸಾಲಿನಲ್ಲಾದರೂ ಒಂದು ಜಾಗ ಆಗಬಹುದೇ ಎಂದು ಕೇಳಿದಳು. ಅವನು ಪಟ್ಟಿ ತೆಗೆದು ನೋಡಿ, ಒಂದು ಕುರ್ಚಿ ತಂದು ಬೆಳಿಗ್ಗೆ ತೀರದಲ್ಲಿ ಬಿಟ್ಟು ಹೋಗಮ್ಮಾ, ಮಿಕ್ಕದ್ದು ನನಗೆ ಬಿಡು ಎಂದ.