ಎರಡು ತುಂಡಿನ ಕೀಬೋರ್ಡ್

ತುರುವೇಕೆರೆ ತಾಲ್ಲೂಕು ಕಚೇರಿಯ ಎದುರು ಸಾಲಿನಲ್ಲಿರುವ ಪತ್ರ ಬರಹದ ಅಂಗಡಿಗೆ ಹೋಗಿಬಂದವರಿಗೆಲ್ಲ ಗಂಗಾಧರ್ ಗೊತ್ತು. ಇಸ್ತ್ರಿ ಮಾಡಿದ ಬಿಳಿ ಷರ್ಟು, ಜೇಬಿನಲ್ಲಿ ಪೆನ್ನು, ಬಂದವರನ್ನು ಕೂರಿಸಿ ಟೀ ತರಿಸುವ ಧಾರಾಳ. ಅವರ ಹಿಂದೆ ಗೋಡೆಗೆ ಮುಖ ಮಾಡಿ ಕೂತು ಟೈಪು ಮಾಡುತ್ತಿದ್ದ ಹೆಂಗಸನ್ನು ಮಾತ್ರ ಯಾರೂ ಸರಿಯಾಗಿ ಕಂಡವರಲ್ಲ. ಬೆನ್ನು ನೋಡಿದ್ದಾರೆ, ಜಡೆ ನೋಡಿದ್ದಾರೆ, ಮುಖ ಕೇಳಿದರೆ ಹೇಳಲಾರರು. ಅವಳು ಅನಿತಾ, ಗಂಗಾಧರ್ ಅವರ ತಮ್ಮ ಮೋಹನ್ ಕುಮಾರನ ಹೆಂಡತಿ.

ಹುಳಿಯಾರಿನ ಹುಡುಗಿ. ಮದುವೆಗೆ ಮುಂಚೆ ಅಲ್ಲೇ ಕನ್ನಡ ಟೈಪಿಂಗ್ ಕಲಿತು ಸೀನಿಯರ್ ಪರೀಕ್ಷೆ ಪಾಸು ಮಾಡಿಕೊಂಡಿದ್ದಳು. ಹೆಣ್ಣು ನೋಡಲು ಬಂದ ದಿನ ಗಂಗಾಧರ್ ಅವರು ಅಡುಗೆ ಬರುತ್ತದಾ, ಹಾಡು ಬರುತ್ತದಾ ಎಂದು ಏನೂ ಕೇಳಲಿಲ್ಲ. "ಸ್ಪೀಡ್ ಎಷ್ಟು ಬತ್ತದಮ್ಮ?" ಎಂದಷ್ಟೇ ಕೇಳಿದರು. ಆಗ ಅವಳಿಗೆ ಅದು ಮರ್ಯಾದೆಯ ಮಾತಾಗಿ ಕೇಳಿಸಿ, ಒಳಗೊಳಗೇ ಹಿಗ್ಗಿದ್ದಳು. ಅವರು ತಮ್ಮನಿಗೆ ಹೆಂಡತಿ ಹುಡುಕುತ್ತಿರಲಿಲ್ಲ, ಅಂಗಡಿಗೆ ಆಳು ಹುಡುಕುತ್ತಿದ್ದರು ಎಂಬುದು ಅರ್ಥವಾಗುವ ಹೊತ್ತಿಗೆ ತಾಳಿಯ ದಾರ ಎಷ್ಟೋ ಸಲ ಬದಲಾಗಿತ್ತು.

ಸಂಪಿಗೆ ಎಂಬ ಊರಿನ ಪಕ್ಕದ ಹಳ್ಳಿಯಲ್ಲಿ ಅವರ ಮನೆ, ತೋಟ. ಬೆಳಿಗ್ಗೆ ಹಾಲು ಕರೆದು, ಅಡುಗೆ ಮಾಡಿಟ್ಟು, ಡಬ್ಬಿ ಕಟ್ಟಿಕೊಂಡು ಬಸ್ಸು ಹತ್ತಿದರೆ ಸಂಜೆವರೆಗೆ ಅಂಗಡಿ. ಪತ್ರ ಬರಹಗಾರರ ಲೈಸೆನ್ಸು ಇದ್ದದ್ದು ಭಾವನ ಹೆಸರಿನಲ್ಲಿ. ಕ್ರಯವಾಗಲಿ, ದಾನವಾಗಲಿ, ಅಣ್ಣತಮ್ಮಂದಿರ ವಿಭಾಗವಾಗಲಿ, ಬಂದವರ ಜೊತೆ ಮಾತಾಡುವುದು ಅವರು, ಟೈಪು ಮಾಡುವುದು ಅವಳು. ತೋಟದ ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ, ಫಲ ಬಿಡುವ ಮರ ಎಷ್ಟು, ಸಸಿ ಎಷ್ಟು, ಎಲ್ಲ ಅವಳ ಬೆರಳಿನಿಂದಲೇ ಇಳಿಯಬೇಕು. ಪತ್ರದ ತುದಿಯಲ್ಲಿ ಬರೆದವರ ಹೆಸರು ಹಾಕಲು 'ಬಿಕ್ಕಲಂ' ಎಂಬ ಜಾಗವಿರುತ್ತದೆ. ಅಲ್ಲಿ ಗಂಗಾಧರ್ ಅವರ ಹೆಸರು ಬರುತ್ತಿತ್ತು, ಅದನ್ನೂ ಅವಳೇ ಟೈಪು ಮಾಡುತ್ತಿದ್ದಳು. ಸಂಬಳವಾ? ಮನೆಯವಳಿಗೆ ಎಂಥ ಸಂಬಳ! ಹಬ್ಬಕ್ಕೊಂದು ಸೀರೆ ಬರುತ್ತಿತ್ತು, ಅದೂ ಓರಗಿತ್ತಿ ಆರಿಸಿಕೊಂಡು ಉಳಿದದ್ದು.

ಕೈನೋವು ಯಾವಾಗ ಶುರುವಾಯಿತೋ ಅವಳಿಗೇ ನೆನಪಿಲ್ಲ. ಮೊದಲು ಹೆಬ್ಬೆರಳು ಜೋಮು ಹಿಡಿಯುತ್ತಿತ್ತು, ಆಮೇಲೆ ಮಣಿಕಟ್ಟಿನಿಂದ ಮೊಣಕೈವರೆಗೂ ಸೆಳೆತ ಬಂತು. ಒಂದು ಬೆಳಿಗ್ಗೆ ಹಾಲು ಕರೆದು ಮೇಲೇಳುವಾಗ ಚೊಂಬು ಕೈಜಾರಿ ಹಾಲೆಲ್ಲ ಕೊಟ್ಟಿಗೆಯ ಪಾಲಾಯಿತು. ಅತ್ತೆ ಲಕ್ಷ್ಮಿದೇವಮ್ಮ ಓಡಿಬಂದರು.

"ಏನೇ ಬಂದೈತೆ ನಿನ್ ಕೈಗೆ?"

"ಹಿಡಿತಾನೇ ಸಿಕ್ತಿಲ್ಲ ಅತ್ತೆ. ಟೈಪ್ ಮಾಡಿ ಮಾಡಿ ನರ ಎಳೀತದೆ."

"ಕೊಬ್ಬರಿ ಬಿಡಿಸಿ ಬಿಡಿಸಿ ನನ್ ಕೈ ನೋಡು ಹೆಂಗಾಗವೆ. ಒಂದಿನ ನೋವು ಅಂದಿದ್ದೀನಾ? ಗುಂಡಿ ಒತ್ತಕ್ಕೂ ಕೈ ನೋಯ್ತದಂತೆ, ಕೇಳ್ರಪ್ಪ!"

ಈ ಸೀಮೆಯಲ್ಲಿ ಕೈನೋವಿಗೂ ಒಂದು ಯೋಗ್ಯತೆ ಬೇಕು. ಕಾಯಿ ಸುಲಿದವನ ಕೈಗೆ ನೋಯುವ ಹಕ್ಕಿದೆ, ಮರ ಹತ್ತಿದವನ ಸೊಂಟಕ್ಕೆ ಹಕ್ಕಿದೆ. ನೆರಳಿನಲ್ಲಿ, ಫ್ಯಾನಿನ ಕೆಳಗೆ ಕುರ್ಚಿಯ ಮೇಲೆ ಕೂತವಳ ಕೈಗೆ ಅದಿಲ್ಲ. ಅನಿತಾ ಆಮೇಲೆ ನೋವಿನ ಮಾತೆತ್ತಲಿಲ್ಲ, ಹಳೆಯ ಸೀರೆಯ ಅಂಚು ಹರಿದು ಮಣಿಕಟ್ಟಿಗೆ ಸುತ್ತಿಕೊಂಡು ಕೆಲಸಕ್ಕೆ ಹೋದಳು.

ಕಡೆಗೆ ತಿಪಟೂರಿನಲ್ಲಿ ಡಾಕ್ಟರಮ್ಮ ಒಬ್ಬರು ಅವಳ ಕೈಯನ್ನು ಮೇಜಿನ ಮೇಲಿಟ್ಟು ಟೈಪು ಮಾಡುವ ಹಾಗೆ ಮಾಡಿ ತೋರಿಸಿ ಎಂದರು. ಎರಡೂ ಕೈ ಒಳಗೆ ಸೇರಿ ಮಣಿಕಟ್ಟು ಹೊರಕ್ಕೆ ಸೊಟ್ಟಗಾಗುವುದನ್ನು ಅವಳಿಗೇ ತೋರಿಸಿದರು. ಹೀಗೇ ಬಿಟ್ಟರೆ ಆಪರೇಷನ್ನು, ಅದಾದ ಮೇಲೂ ಮೊದಲಿನ ಕೈ ಬರುತ್ತದೆಂದು ಹೇಳಲಾಗದು, ಕೈ ನೇರ ಇರುವಂಥ ಕೀಬೋರ್ಡ್ ಸಿಗುತ್ತದೆ ತಗೊಳ್ಳಿ ಎಂದರು. ಅವಳ ಹೆಸರಿನಲ್ಲಿ ಒಂದು ತೆಂಗಿನ ಗಿಡ ಇರಲಿಲ್ಲ, ಇದ್ದದ್ದು ಈ ಬೆರಳುಗಳು. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಮಳಿಗೆ ಹಿಡಿದು ಸ್ವಂತ ಟೈಪಿಂಗ್ ಇಟ್ಟುಕೊಳ್ಳಬೇಕು ಎಂಬ ಆಸೆಯನ್ನು ಯಾರಿಗೂ ಹೇಳದೆ ಸಾಕಿಕೊಂಡಿದ್ದಳು. ಹುಳಿಯಾರಿನ ತಮ್ಮ ಒಂದು ಹಳೆಯ ಕಂಪ್ಯೂಟರ್ ಕೊಡುತ್ತೇನೆ ಎಂದಿದ್ದ. ಕೈಯೇ ಹೋದರೆ ಕಂಪ್ಯೂಟರ್ ಇಟ್ಟುಕೊಂಡು ಏನು ಮಾಡುವುದು?

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಫೋನಿನಲ್ಲಿ ಕೀಬೋರ್ಡುಗಳನ್ನು ನೋಡತೊಡಗಿದಳು. ಕೆಲವು ಮಧ್ಯದಲ್ಲಿ ಉಬ್ಬಿಕೊಂಡು, ಅಂಗೈ ಊರಲು ಮೆತ್ತೆ ಇದ್ದ ಒಂದೇ ತುಂಡಿನವು. ಇನ್ನು ಕೆಲವು ಎಡಗೈಗೊಂದು ಬಲಗೈಗೊಂದು ಎಂದು ಪೂರಾ ಎರಡು ತುಂಡಾಗಿ, ನಡುವೆ ಒಂದು ತಂತಿ ಇದ್ದವು. ಒಂದೇ ತುಂಡಿನದು ಕಣ್ಣಿಗೆ ಒಪ್ಪುತ್ತಿತ್ತು, ಅಂಗಡಿಯಲ್ಲಿ ನಗುವವರೂ ಕಡಿಮೆ. ಆದರೆ ಅವಳದು ನೋಡಿ ಟೈಪು ಮಾಡುವ ಕೆಲಸ. ಪಕ್ಕದಲ್ಲಿಟ್ಟ ಹಳೆಯ ಪತ್ರದ ಕಡೆ ದಿನವಿಡೀ ಕತ್ತು ತಿರುಗಿಸಿ ಕತ್ತೂ ಹಿಡಿದುಕೊಂಡಿತ್ತು. ಎರಡು ತುಂಡಿನದಾದರೆ ನಡುವಿನ ಜಾಗದಲ್ಲೇ ಕಾಗದ ಇಟ್ಟುಕೊಳ್ಳಬಹುದು. ಯೋಚಿಸಿ ಯೋಚಿಸಿ ಅದನ್ನೇ ಆರಿಸಿದಳು. ಒಂದೇ ತುಂಡಿನದನ್ನು ತಗೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ದುಡ್ಡು ತವರಿನದು. ಗೌರಿಹಬ್ಬಕ್ಕೆ ಅವಳಮ್ಮ ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದನ್ನು ಸೆರಗಿನ ಗಂಟಿನಿಂದ ಬಿಡಿಸದೆ ಇಟ್ಟಿದ್ದಳು. ಪಾರ್ಸೆಲ್ಲು ಊರಿಗೆ ಬಂದ ದಿನ ಮೋಹನ್ ಕುಮಾರನೇ ಇಸಿದುಕೊಂಡು, "ಏನೇ ಇದು, ತಗಳೋಕ್ ಮುಂಚೇನೆ ಮುರ್ದೋಗದೆ!" ಎಂದು ನಕ್ಕಿದ್ದ.

ಮೊದಮೊದಲು ಅವಳಿಗೇ ಅಳು ಬರುತ್ತಿತ್ತು. ಕೀಗಳ ಮೇಲೆ ಒಂದು ಕನ್ನಡ ಅಕ್ಷರವಿಲ್ಲ, ಅದು ತೊಂದರೆಯಲ್ಲ, ಬೆರಳಿಗೆ ಜಾಗ ಗೊತ್ತಿತ್ತು. ಆದರೆ ಬ ಅಕ್ಷರದ ಕೀಯನ್ನು ಅವಳು ಮೊದಲಿನಿಂದ ಬಲಗೈಯಲ್ಲೇ ಒತ್ತುತ್ತಿದ್ದಳು, ಅದೀಗ ಎಡಗಡೆಯ ತುಂಡಿಗೆ ಹೋಗಿತ್ತು. ಬಲಬೆರಳು ಹೋಗಿ ಹೋಗಿ ಬರೀ ಮೇಜನ್ನು ಕುಟ್ಟುತ್ತಿತ್ತು. ಕೆಲಸ ನಿಧಾನವಾಯಿತು, ಭಾವನ ಮುಖ ಗಂಟಾಯಿತು. ಹಳೆಯದನ್ನೇ ಹಾಕ್ಕೊ ಎಂದರು. ಅವಳು ಹಾಕಿಕೊಳ್ಳಲಿಲ್ಲ. ಆ ಮನೆಗೆ ಬಂದಮೇಲೆ ಅವಳು ಹಿಡಿದ ಹಟ ಅದೊಂದೇ. ತುಂಡುಗಳ ಒಳ ಅಂಚು ಇನ್ನಷ್ಟು ಎತ್ತರವಿದ್ದರೆ ಹಿತ ಎನ್ನಿಸಿ, ತೆಂಗಿನ ಚಿಪ್ಪಿನ ಚೂರುಗಳನ್ನು ಉಜ್ಜಿ ಸಮ ಮಾಡಿ ಕೆಳಗೆ ಒತ್ತುಕೊಟ್ಟಳು. ಬರಬರುತ್ತ ಬೆರಳು ದಾರಿಗೆ ಬಂತು, ಜೋಮು ಇಳಿಯಿತು. ಒಂದು ದಿನ ಹಾಲಿನ ಚೊಂಬನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಒಳಗೆ ಬಂದು, ಯಾರೂ ಇಲ್ಲದ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕಳು.

ಅಷ್ಟರಲ್ಲಿ ಭಾವನ ಮಗಳು ಗಾನವಿಯ ಡಿಗ್ರಿ ಮುಗಿದಿತ್ತು. ಅವಳಿಗೂ ಪತ್ರದ ಕೆಲಸ ಹೇಳಿಕೊಡು ಎಂದರು ಭಾವ. ಅನಿತಾ ಹೇಳಿಕೊಟ್ಟಳು, ಮನಸ್ಸಿಟ್ಟು ಹೇಳಿಕೊಟ್ಟಳು. ಹುಡುಗಿ ಹಳೆಯ ಕೀಬೋರ್ಡಿನಲ್ಲಿ ಒಂದು ಕ್ರಯಪತ್ರವನ್ನು ತಪ್ಪಿಲ್ಲದೆ ಮುಗಿಸಿದ ತಿಂಗಳೇ ಗಂಗಾಧರ್ ಮನೆಯಲ್ಲಿ ಪಾಲಿನ ಮಾತೆತ್ತಿದರು. ಅಲ್ಲಿಯವರೆಗೆ ಅವರಿಗೆ ಒಟ್ಟು ಕುಟುಂಬದ ಮೇಲೆ ಎಲ್ಲಿಲ್ಲದ ಮಮತೆ ಇತ್ತು.

ಒಂದು ಭಾನುವಾರ ಅಂಗಡಿಯಲ್ಲೇ ಪಂಚಾಯ್ತಿ ಸೇರಿತು. ಊರಿನ ಹಿರಿಯರಾದ ಶ್ರೀರಂಗಯ್ಯ ನಡುವೆ ಕೂತಿದ್ದರು, ಈ ಸುತ್ತಿನಲ್ಲಿ ಅವರ ಮುಂದೆ ಪಾಲಾಗದ ಮನೆ ಕಡಿಮೆ. ಅವರು ಹೇಳಿದ್ದನ್ನು ಪಾಲುಪಟ್ಟಿಯಾಗಿ ಟೈಪು ಮಾಡಲು ಕೂತವಳು ಅನಿತಾ. ಬೇರೆ ಯಾರಿದ್ದರು? ಗಾನವಿಗೆ ಇನ್ನೂ ಪಾಲುಪಟ್ಟಿಯ ಭಾಷೆ ಬರುತ್ತಿರಲಿಲ್ಲ.

ತೋಟ ಎರಡಾಯಿತು, ಮನೆ ಎರಡಾಯಿತು. ಜೊತೆಯಾಗಿದ್ದ ದೀಪದ ಕಂಬಗಳು ಒಂದೊಂದು, ಹಿತ್ತಾಳೆ ಹಂಡೆಗಳು ಒಂದೊಂದು. ಬೋರ್‌ವೆಲ್ ಇರುವ ಕಡೆಯ ಸಾಲು ಯಾರಿಗೆ ಎಂಬುದೊಂದು ಬಾಕಿ ಇತ್ತು, ಮೋಹನ್ ಕುಮಾರನ ಜೀವವೆಲ್ಲ ಅದರ ಮೇಲಿತ್ತು. ಅದಕ್ಕೆ ಮೊದಲು ಅಂಗಡಿಯ ಮಾತು ಬಂತು. ಲೈಸೆನ್ಸು ಗಂಗಾಧರನದು, ಅಂಗಡಿಯೂ ಅಂಗಡಿ ಸಾಮಾನೂ ಗಂಗಾಧರನಿಗೇ ಎಂದರು ಶ್ರೀರಂಗಯ್ಯ. ಅನಿತಾಳ ಬೆರಳು ನಿಂತಿತು. ಕುರ್ಚಿಯನ್ನು ತಿರುಗಿಸಿ, ಗಂಡಸರ ಕಡೆಗೆ ಮುಖ ಮಾಡಿದಳು.

"ತಾತ, ಈ ಕೀಬೋರ್ಡ್ ನಂದು. ಗೌರಿಹಬ್ಬಕ್ಕೆ ನಮ್ಮಮ್ಮ ಕೊಟ್ಟ ದುಡ್ಡಲ್ಲಿ ತಗಂಡಿದ್ದು."

"ತವರಿನ ಸಾಮಾನು ಪಾಲಿಗೆ ಬರಾಕಿಲ್ಲ ಕಣಪ್ಪ," ಎಂದರು ಶ್ರೀರಂಗಯ್ಯ ಗಂಗಾಧರ್ ಕಡೆ ತಿರುಗಿ.

ಗಂಗಾಧರ್ ಎದ್ದು ಬಂದು ಕೀಬೋರ್ಡಿನ ಒಂದು ತುಂಡನ್ನು ಮಗುಚಿ ತೋರಿಸಿದರು. "ತವರಿಂದ ಬಂದಿದ್ದಕ್ಕೆ ಹೆಸರು ಕೆತ್ತಿಸಿರ್ತಾರಲ್ವಾ ತಾತ? ಎಲ್ಲದೆ ಇದ್ರಲ್ಲಿ ಹೆಸರು? ಅಂಗಡೀಲಿರೋದು ಅಂಗಡೀದು."

ಬಾಗಿಲ ಬಳಿ ಕೂತಿದ್ದ ಲಕ್ಷ್ಮಿದೇವಮ್ಮ, "ನನ್ ಕೊಳದಪ್ಪಲೆ ಮ್ಯಾಲೆ ನಮ್ಮಪ್ಪನ ಹೆಸರು ಇವತ್ತಿಗೂ ಹಂಗೇ ಐತೆ," ಎಂದು ಸೇರಿಸಿದರು.

ಅನಿತಾ ಗಂಡನ ಮುಖ ನೋಡಿದಳು. ಪಾರ್ಸೆಲ್ಲು ಇಸಿದುಕೊಂಡವನು ಅವನೇ. ದುಡ್ಡು ಯಾರದೆಂದು ಅವನಿಗೆ ಗೊತ್ತು. ಒಂದು ಮಾತು ಆಡಿದ್ದರೆ ಸಾಕಿತ್ತು. ಬೋರ್‌ವೆಲ್ ಸಾಲು ಇನ್ನೂ ತೀರ್ಮಾನವಾಗದ ಹೊತ್ತಿನಲ್ಲಿ ಅಣ್ಣನನ್ನು ಎದುರು ಹಾಕಿಕೊಳ್ಳಲು ಅವನಿಗೆ ಹುಚ್ಚೇ? ತನ್ನ ಚಪ್ಪಲಿ ನೋಡುತ್ತ, "ಬುಡೇ ಅತ್ಲಾಗೆ, ಅದೊಂದಕ್ಕೆ ಯಾಕೆ ಮಾತು," ಎಂದ.

ಶ್ರೀರಂಗಯ್ಯ ಕೆಟ್ಟವರಲ್ಲ. ಯಾರಿಗೂ ನೋವಾಗದ ದಾರಿ ಹುಡುಕುವುದು ಅವರ ಅಭ್ಯಾಸ. ಕಣ್ಣು ಕಿರಿದು ಮಾಡಿ ಮೇಜಿನ ಮೇಲೆ ನೋಡಿದರು. "ಎಷ್ಟವೆ ಅವು? ಎರಡಲ್ವಾ? ಸರಿ ಬುಡಿ, ಜೊತೆ ಪದಾರ್ಥ. ಅವನಿಗೊಂದು, ಇವನಿಗೊಂದು."

"ಅದು ಜೊತೆ ಅಲ್ಲ ತಾತ, ಎರಡೂ ಸೇರಿ ಒಂದೇ. ಒಂದಿಲ್ದೆ ಇನ್ನೊಂದು ನಡೆಯಲ್ಲ."

"ಎತ್ತಿನ ಜೊತೇನೂ ಹಂಗೇ ಕಣಮ್ಮ. ಮನೆ ಪಾಲಾದಾಗ ಒಂದೊಂದು ಹೋಗಿಲ್ವಾ?"

ಕಂಪ್ಯೂಟರ್ ಮುಟ್ಟದ ಮುದುಕರಿಗೆ ತಿಳಿಯಲಿಲ್ಲ, ಸರಿ. ಗಂಗಾಧರ್ ಅವರಿಗೆ ತಿಳಿದಿತ್ತು. ಒಂದು ತುಂಡು ಕಸಕ್ಕೆ ಸಮ ಎಂದು ಚೆನ್ನಾಗಿ ತಿಳಿದಿತ್ತು. ಬಸ್ ಸ್ಟ್ಯಾಂಡ್ ಹತ್ತಿರ ಅವಳು ಬಾಡಿಗೆ ಮಳಿಗೆ ವಿಚಾರಿಸಿದ ಸುದ್ದಿಯೂ ಅವರ ಕಿವಿಗೆ ಬಿದ್ದಿತ್ತು. ಕಂಪ್ಯೂಟರಿಗೆ ಸಿಕ್ಕಿಸುವ ತಂತಿ ಇದ್ದ ಎಡಗಡೆಯ ತುಂಡಿನ ಮೇಲೆ ಬೆರಳಿಟ್ಟು, "ತಾತ ಹೇಳ್ದಂಗೇ ಆಗ್ಲಿ, ನಂಗಿದಿರ್ಲಿ," ಎಂದರು.

ಇನ್ನೊಂದು ತರಿಸಿಕೊಳ್ಳಬಹುದಲ್ಲ ಎನ್ನುವವರು ಇರುತ್ತಾರೆ. ತರಿಸಬಹುದು. ಇನ್ನೊಂದು ಗೌರಿಹಬ್ಬ ಬರಬಹುದು, ಅಮ್ಮ ಇನ್ನೂ ಇದ್ದರೆ ಕೊಡಬಹುದು. ಆದರೆ ಅನಿತಾಳಿಗೆ ಆ ಹೊತ್ತಿನಲ್ಲಿ ಕೀಬೋರ್ಡಿಗಿಂತ ಹೆಚ್ಚಾಗಿ ಚುಚ್ಚಿದ್ದು ಬೇರೆ. ಇಷ್ಟು ಗಂಡಸರ ನಡುವೆ ಅವಳು ಒಂದು ವಸ್ತುವನ್ನು ನನ್ನದು ಎಂದಿದ್ದಳು, ಒಬ್ಬನೂ ಹೌದು ಎನ್ನಲಿಲ್ಲ. ಕಟ್ಟಿಕೊಂಡವನೂ ಎನ್ನಲಿಲ್ಲ.

"ಬರ್ಕಳಮ್ಮ," ಎಂದರು ಶ್ರೀರಂಗಯ್ಯ.

ಅವಳು ಗೋಡೆಯ ಕಡೆ ತಿರುಗಿದಳು. ಎಡಗೈಯನ್ನು ಎಡಗಡೆಯ ತುಂಡಿನ ಮೇಲೆ, ಬಲಗೈಯನ್ನು ಬಲಗಡೆಯ ತುಂಡಿನ ಮೇಲೆ ಇಟ್ಟು, ಎರಡು ತುಂಡಿನ ಕೀಬೋರ್ಡ್ ಒಂದು ಜೊತೆ, ಇಬ್ಬರಿಗೂ ಒಂದೊಂದು ಎಂದು ತಪ್ಪಿಲ್ಲದೆ ಟೈಪು ಮಾಡಿದಳು. ಮಣಿಕಟ್ಟು ನೇರವಾಗಿತ್ತು, ನೋವಿರಲಿಲ್ಲ. ಪಾಲುಪಟ್ಟಿಯ ಮುಂದಿನ ಸಾಲಿನಲ್ಲಿ ಬೋರ್‌ವೆಲ್ ಕಡೆಯ ಮರಗಳು ಮೋಹನ್ ಕುಮಾರನಿಗೆ ಬಂದವು. ಅವನು ಉಸಿರುಬಿಟ್ಟದ್ದು ಅವಳಿಗೆ ಬೆನ್ನ ಹಿಂದೆ ಕೇಳಿಸಿತು.

ತುದಿಗೆ ಬಂದು, ರೂಢಿಯಂತೆ ಬಿಕ್ಕಲಂ ಜಾಗದಲ್ಲಿ ಭಾವನ ಹೆಸರು ಹೊಡೆಯಲು ಹೊರಟಾಗ ಶ್ರೀರಂಗಯ್ಯ ತಡೆದರು. "ಗಂಗಾಧರನ ಹೆಸರು ಬ್ಯಾಡ ಕಣಮ್ಮ. ಪಾಲು ತಗಳೋನೇ ಬಿಕ್ಕಲಂ ಆದ್ರೆ ನಾಳೆ ತಕರಾರಾಯ್ತದೆ. ಪಾಲಿಲ್ಲದೋರು ಯಾರಾದ್ರೂ ಇದ್ರೆ ಹಾಕಿ."

ಗಂಗಾಧರ್ ಕೂತವರನ್ನೆಲ್ಲ ಒಮ್ಮೆ ನೋಡಿ, "ನಿಂಗೇನೂ ಪಾಲಿಲ್ವಲ್ಲ ಅನಿತಾ, ನಿನ್ ಹೆಸರೇ ಹಾಕ್ಕೊ," ಎಂದರು.

ಅವಳು ಹಾಕಿಕೊಂಡಳು. ಆ ಅಂಗಡಿಯಿಂದ ಹೊರಟ ಅಷ್ಟೂ ಪತ್ರಗಳಲ್ಲಿ ಅವಳ ಹೆಸರು ಬಂದದ್ದು ಅದೊಂದರಲ್ಲೇ. ಪ್ರಿಂಟ್ ತೆಗೆದು ಎಲ್ಲರ ಸಹಿ ಆದ ಮೇಲೆ, ತನ್ನ ಹೆಸರಿನ ಮುಂದೆ ತಾನೂ ಸಹಿ ಮಾಡಿದಳು. ಬಲಗಡೆಯ ತುಂಡನ್ನು ಬಿಚ್ಚಿ, ಊಟದ ಡಬ್ಬಿಯ ಜೊತೆ ಚೀಲಕ್ಕೆ ಹಾಕಿಕೊಂಡು, ಗಂಡನಿಗೆ ಕಾಯದೆ ಬಸ್ಸಿಗೆ ನಡೆದಳು.