ತರನ್ನುಮ ಮೇಡಂ ಕ್ಲಾಸಿನಲ್ಲಿ ರುದ್ರಮುನಿ ಸರ್

ರಾಣೆಬೆನ್ನೂರಿನ ಆ ಎಂಬಿಎ ಕಾಲೇಜಿನಲ್ಲಿ ಇಂಟರ್‌ವ್ಯೂ ಎಂದರೆ ರುದ್ರಮುನಿ ಸರ್ ಎಂಬ ಮಾತು ಬಹಳ ವರ್ಷ ನಡೆದುಬಂದಿತ್ತು. ಐರಣಿಯ ಒಕ್ಕಲುತನದ ಮನೆಯವನು, ಹಾಸ್ಟೆಲಿನಲ್ಲಿದ್ದು ಓದಿ ಮೇಲೆ ಬಂದವನು. ಅವನ ಅಂಗಿಯ ಇಸ್ತ್ರಿ ಮುರಿದದ್ದನ್ನು ಯಾರೂ ಕಂಡವರಿಲ್ಲ.

ಹುಡುಗರು ಹೆಚ್ಚು ಹೆದರುತ್ತಿದ್ದದ್ದು ವ್ಯಾಪಾರಸ್ಥರಿಗೆ ಬುದ್ಧಿ ಹೇಳುವ ಸಲಹಾ ಕಂಪನಿಗಳ ಕೇಸ್ ಇಂಟರ್‌ವ್ಯೂಗೆ. ಎದುರಿಗೆ ಕೂತವರು ಯಾವುದೋ ವ್ಯಾಪಾರದ ತಾಪತ್ರಯವನ್ನು ಮುಂದಿಟ್ಟು, ನೀನಾದರೆ ಏನು ಮಾಡುತ್ತೀ ಎಂದು ಕೇಳಿಬಿಡುತ್ತಾರೆ. ಅದಕ್ಕೆ ರುದ್ರಮುನಿ ಒಂದು ದಾರಿ ಹಾಕಿಕೊಟ್ಟಿದ್ದ. ಮೊದಲು ಆದಾಯ, ಆಮೇಲೆ ಖರ್ಚು, ಆಮೇಲೆ ಗಿರಾಕಿ. ಮಗ್ಗಿ ಕಲಿಸಿದ ಹಾಗೆ ಕಲಿಸುತ್ತಿದ್ದ. ಯಾರಾದರೂ ದಾರಿ ಬಿಟ್ಟು ಮಾತಾಡಿದರೆ 'ಚ್ಚ್' ಎಂದು ಲೊಚಗುಟ್ಟುತ್ತಿದ್ದ. ಅಷ್ಟಕ್ಕೇ ಹುಡುಗರು ಬಾಯಿ ಮುಚ್ಚುತ್ತಿದ್ದರು. ಅದನ್ನು ಅವನು ಶಿಸ್ತು ಎಂದುಕೊಂಡಿದ್ದ.

ಹೋದ ವರ್ಷ ಅದೇ ಕಾಲೇಜಿಗೆ ಪಾಠ ಮಾಡಲು ತರನ್ನುಮ ಬಂದಳು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಮಗಳು. ಪುಣೆಯ ಸಲಹಾ ಕಂಪನಿಯೊಂದರಲ್ಲಿ ಕೆಲ ವರ್ಷ ದುಡಿದು, ತಂದೆಗೆ ಆರಾಮಿಲ್ಲವೆಂದು ಊರಿಗೆ ಮರಳಿದವಳು, ದಿನಾ ಮುಂಜಾನೆಯ ರೈಲಿಗೆ ಬರುತ್ತಿದ್ದಳು. ಹುಡುಗರು ಹೆಚ್ಚಾಗಿದ್ದಾರೆಂದು ಪ್ರಿನ್ಸಿಪಾಲ ಪ್ರಭುಲಿಂಗಪ್ಪನವರು ಇಂಟರ್‌ವ್ಯೂ ತಯಾರಿಯ ಅರ್ಧ ತಂಡವನ್ನು ಅವಳಿಗೆ ಒಪ್ಪಿಸಿದರು.

ಮೊದಲ ವಾರ ರುದ್ರಮುನಿಗೆ ಏನೂ ಅನ್ನಿಸಲಿಲ್ಲ. ಎರಡನೆಯ ವಾರ ಗೋಡೆಯಾಚೆಯಿಂದ ನಗು ಕೇಳತೊಡಗಿತು. ತಾನು ಖರ್ಚನ್ನು ಬಿಡಿಸಿ ಬರೆಯುತ್ತಿರುವಾಗ ಆಚೆ ಒಬ್ಬರ ಮೇಲೊಬ್ಬರು ಬಿದ್ದು ಉತ್ತರ ಹೇಳುತ್ತಿದ್ದರು. ತನ್ನ ಹುಡುಗರ ಕಿವಿ ಗೋಡೆಯ ಕಡೆಗೆ ವಾಲುತ್ತಿತ್ತು. ಗದ್ದಲವಾಗುತ್ತದೆ ಎಂದು ಪ್ರಿನ್ಸಿಪಾಲರಿಗೆ ದೂರು ಕೊಟ್ಟ. ಅವಳ ತಂಡವನ್ನು ಮೂಲೆಯ ಕೋಣೆಗೆ ಹಾಕಿಸಿದ. ನಗು ಅಲ್ಲಿಂದಲೂ ಕೇಳಿತು. ಗುತ್ತಲದಿಂದ ಬರುವ ಮಧು ಅವನ ಅಚ್ಚುಮೆಚ್ಚಿನ ವಿದ್ಯಾರ್ಥಿನಿ. ತನ್ನನ್ನು ಮೇಡಂ ತಂಡಕ್ಕೆ ಸೇರಿಸಬಹುದೇ ಎಂದು ಅವಳೇ ಬಂದು ಕೇಳಿದ ದಿನ, ಹೋಗವ್ವಾ ಎಂದು ನಕ್ಕು ಕಳಿಸಿದ. ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ.

ಹುಬ್ಬಳ್ಳಿಯಿಂದ ಸಲಹಾ ಕಂಪನಿಯಲ್ಲಿ ದುಡಿದ ಸುಭಾಷ ಎಂಬ ಅನುಭವಿಯನ್ನು ಕರೆಸಿ ಅಣಕು ಸಂದರ್ಶನ ಇಟ್ಟಾಗ, ಅದರ ವೇಳಾಪಟ್ಟಿ ರುದ್ರಮುನಿಯ ಕೈಯಲ್ಲಿತ್ತು. ತನ್ನ ತಂಡವನ್ನು ಮುಂಜಾನೆಗೆ ಹಾಕಿಕೊಂಡ. ತರನ್ನುಮಳ ತಂಡವನ್ನು ರೊಟ್ಟಿ, ಎಣಗಾಯಿ, ಹೋಳಿಗೆ ಊಟ ಮುಗಿದ ಮೇಲೆ, ಬಂದವರ ಕಣ್ಣು ಎಳೆಯುವ ಹೊತ್ತಿಗೆ ಹಾಕಿದ. ಹೋಳಿಗೆ ಮಾಡಿಸಲು ಹೇಳಿದವನೂ ಅವನೇ.

ಆದದ್ದೇ ಬೇರೆ. ಮಧ್ಯಾಹ್ನ ಸುಭಾಷ ಆಕಳಿಸುತ್ತಲೇ ಕೂತ. ಆದರೆ ಮಧು ಮಾತಾಡತೊಡಗಿದ ಮೇಲೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಸಂಜೆ ಚಹಾ ಕುಡಿಯುತ್ತ ಎಲ್ಲರ ಮುಂದೆ ಅಂದ:

"ಮುಂಜಾನಿ ಬಂದ ಹುಡುಗ್ರು ಶ್ಯಾಣ್ಯಾರ ಅದಾರ್ರಿ. ಆದ್ರ ಒಬ್ಬನ್ನ ಕೇಳಿದ್ರೂ ಅಷ್ಟ, ಎಲ್ಲಾರ್ನೂ ಕೇಳಿದ್ರೂ ಅಷ್ಟ. ಮಧ್ಯಾನದಾವ್ರು ನನ್ನ ನಿದ್ದಿ ಕೆಡಿಸಿದ್ರು ನೋಡ್ರಿ."

ಮನೆಗೆ ಬಂದ ರುದ್ರಮುನಿ ಹೆಂಡತಿ ನಿರ್ಮಲಾಳ ಮುಂದೆ ತರನ್ನುಮಳ ತಪ್ಪುಗಳನ್ನೆಲ್ಲ ಹೇಳಿದ. ಪುಣೆಯ ಸೊಕ್ಕು, ಹುಡುಗರಿಗೆ ಕೊಡುವ ಸಲಿಗೆ, ಬೋರ್ಡಿನ ಮೇಲೆ ಸೊಟ್ಟ ಅಕ್ಷರ. ನಿರ್ಮಲಾ ಮೆಂತ್ಯೆ ಸೊಪ್ಪು ಬಿಡಿಸುತ್ತ ಪೂರ್ತಿ ಕೇಳಿಸಿಕೊಂಡಳು.

"ನಿಮಗ ಆಕಿ ಮ್ಯಾಲೆ ಹೊಟ್ಟಿಕಿಚ್ಚು ಐತಿ. ಬ್ಯಾರೆ ಏನೂ ಇಲ್ಲ," ಎಂದಳು. "ಹಂಗ ಇಲ್ಲೆ ಕುಂತು ಸುಟ್ಕೊಳ್ಳೂ ಬದ್ಲಿ, ಆಕಿ ಏನ್ ಕಲಸ್ತಾಳ ಅಂತ ಒಂದಿನ ಹೋಗಿ ನೋಡ್ರಿ."

ಅವನು ಎರಡು ದಿನ ಹೆಂಡತಿಯ ಜೊತೆ ಮಾತು ಬಿಟ್ಟ. ಮೂರನೆಯ ದಿನ, ಹಾಜರಿ ನೋಡಬೇಕಿದೆ ಎಂಬ ನೆವ ಮಾಡಿಕೊಂಡು ಮೂಲೆಯ ಕೋಣೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತ.

ತರನ್ನುಮ ಅಂದು ಕೊಟ್ಟ ಕೇಸು ಒಂದು ಕಲ್ಯಾಣಮಂಟಪದ್ದು. ಮದುವೆಯ ಸೀಜನ್ ಬಿಟ್ಟರೆ ಖಾಲಿ ಬಿದ್ದಿರುತ್ತದೆ, ಆದಾಯ ಹೇಗೆ ಹೆಚ್ಚಿಸುವುದು? ಮೊದಲ ಸುತ್ತಿನಲ್ಲಿ ಯಾರು ಏನು ಹೇಳಿದರೂ ಸರಿ ತಪ್ಪು ಅನ್ನುವಂತಿರಲಿಲ್ಲ. ಅಡುಗೆಮನೆಯನ್ನು ರೊಟ್ಟಿ ಮಾಡುವ ಹೆಂಗಸರ ಸಂಘಕ್ಕೆ ಬಾಡಿಗೆ ಕೊಡಬಹುದು ಎಂದು ಮಧು ಅಂದಳು. ಹಿಂದಿನ ಬೆಂಚಿನಿಂದ 'ಚ್ಚ್' ಎಂದು ಕೇಳಿತು. ಮಧು ನಡುವೆಯೇ ನಿಲ್ಲಿಸಿದಳು. ಅವಳ ಪಕ್ಕದ ಹುಡುಗ ಎತ್ತಿದ ಕೈಯನ್ನು ಇಳಿಸಿದ. ಕೋಣೆಯೆಲ್ಲ ತಣ್ಣಗಾಯಿತು. ತನ್ನ ಕ್ಲಾಸಿನಲ್ಲಿ ದಿನಾ ಇರುತ್ತಿದ್ದ ಆ ಮೌನವನ್ನು ರುದ್ರಮುನಿ ಮೊದಲ ಸಲ ವಿದ್ಯಾರ್ಥಿಗಳ ಕಡೆ ಕೂತು ಕೇಳಿದ.

"ಸರ್, ಇಲ್ಲಿ ಕುಂತ ಮ್ಯಾಲೆ ನೀವೂ ಉತ್ತರಾ ಹೇಳಬೇಕಾಗ್ತೈತ್ರಿ," ಎಂದಳು ತರನ್ನುಮ.

ಅವನು ಎದ್ದು ನಿಂತು ಆದಾಯದಿಂದ ಶುರುಮಾಡಿದ. ಬಾಡಿಗೆ ಏರಿಸಬಹುದು. ಖರ್ಚು ಇಳಿಸಬಹುದು. ಜಾಹೀರಾತು ಕೊಡಬಹುದು. ಅಲ್ಲಿಗೆ ಬತ್ತಿಹೋಯಿತು. ಇನ್ನೂ ಏನಾದರೂ, ಎಂದು ಅವಳು ಕೇಳಿದಳು. ಅವನು ಮತ್ತೆ ಬಾಡಿಗೆಯ ಮಾತಿಗೇ ಬಂದ. ಹುಡುಗರು ಕರುಣೆಯಿಂದ ತಲೆ ತಗ್ಗಿಸಿದ್ದು ಅವನಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

"ಸರ್, ಈಗ ನೀವು ಮಂಟಪದ ಮಾಲಕರಲ್ರಿ. ಅದರ ಬಾಜೂ ಮನ್ಯಾಗ ಇರಾವ್ರು. ಈಗೇನಂತೀರಿ?"

ರುದ್ರಮುನಿ ಖರೇನೇ ಕಲ್ಯಾಣಮಂಟಪವೊಂದರ ಪಕ್ಕದಲ್ಲಿ ಬಾಡಿಗೆಗಿದ್ದ. ಅದು ಅವಳಿಗೆ ಗೊತ್ತಿರಲಿಲ್ಲ. ವರ್ಷಗಳಿಂದ ಒಳಗೆ ಕುದಿಯುತ್ತಿದ್ದದ್ದು ಹೊರಬಿತ್ತು. ಬೀಗರ ಗಾಡಿಗಳು ತನ್ನ ಗೇಟಿಗೇ ನಿಲ್ಲುತ್ತವೆ, ಆದರೆ ಆಷಾಢದಲ್ಲಿ ಅಷ್ಟು ದೊಡ್ಡ ಅಂಗಳದಲ್ಲಿ ನಾಯಿಗಳು ಮಲಗಿರುತ್ತವೆ. ಸಂತೆಗೆ ಬರುವವರ ಗಾಡಿ ನಿಲ್ಲಿಸಲು ಅದನ್ನೇ ಕೊಡಬಾರದೇ? ಮೈಕಿನ ಅಬ್ಬರಕ್ಕೆ ಮಕ್ಕಳಿಗೆ ಓದಲಾಗುವುದಿಲ್ಲ. ಖಾಲಿ ದಿನಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಫ್ಯಾನಿನ ಕೆಳಗೆ ಜಾಗ ಮಾಡಿಕೊಟ್ಟರೆ ಆಗದೇ? ಸಣ್ಣ ಕಾರ್ಯ ಇಟ್ಟುಕೊಂಡವರು ಅಷ್ಟು ದೊಡ್ಡ ಹಾಲ್ ನೋಡಿಯೇ ಹಿಂದೆ ಸರಿಯುತ್ತಾರೆ, ನಡುವೆ ಪರದೆ ಎಳೆದು ಅರ್ಧ ಕೊಡಲಿ. ಕೊನೆಗೆ ತಡೆದು ತಡೆದು, ಮಧು ಹೇಳಿದ ರೊಟ್ಟಿಯ ಮಾತೂ ಸರಿ ಇದೆ, ಅಡುಗೆಮನೆಯ ಒಲೆಗಳು ಸುಮ್ಮನೆ ತುಕ್ಕು ಹಿಡಿಯುತ್ತಿವೆ ಎಂದ.

ಹುಡುಗರು ಬರೆದುಕೊಳ್ಳುತ್ತಿದ್ದರು. ರುದ್ರಮುನಿ ಬೆವರಿದ್ದ. ಮೈ ಹಗುರವಾಗಿತ್ತು, ಆದರೆ ಕಿಚ್ಚು ಆರಿರಲಿಲ್ಲ. ತನ್ನ ಹಿತ್ತಲಿನಲ್ಲಿ ಇನ್ನೊಬ್ಬರು ಬಂದು ಬಾವಿ ತೋಡಿ ನೀರು ತೆಗೆದ ಹಾಗಾಗಿತ್ತು. ನೀರು ತನ್ನದೇ, ತೋಡಿದವಳು ಅವಳು.

ಅಂದಿನಿಂದ ತನ್ನ ಕ್ಲಾಸಿನಲ್ಲಿ ಅವನು ನಾಲಿಗೆಯನ್ನು ಹಲ್ಲಿನಡಿ ಹಿಡಿದುಕೊಂಡು ನಿಲ್ಲುವುದನ್ನು ಕಲಿತ. ಅಂಗಡಿಯ ಪ್ರಶ್ನೆ ಬಂದರೆ, ಗಿರಾಕಿಯಾಗಿ ಹೇಳು, ಹಮಾಲನಾಗಿ ಹೇಳು, ಎದುರಿನ ಅಂಗಡಿಯವನಾಗಿ ಹೇಳು ಎನ್ನತೊಡಗಿದ. ಇದನ್ನು ಎಲ್ಲಿ ಕಲಿತೆನೆಂದು ಮಾತ್ರ ಯಾರಿಗೂ ಹೇಳಲಿಲ್ಲ.

ಹುಬ್ಬಳ್ಳಿಯ ಖರೇ ಇಂಟರ್‌ವ್ಯೂನಲ್ಲಿ ಮಧು ಆಯ್ಕೆಯಾದಳು. ತರನ್ನುಮಳ ತಂಡದ ಇನ್ನೊಬ್ಬ ಜಾಣ, ತೌಸಿಫ್, ಆಗಲಿಲ್ಲ. ವಿಚಾರಗಳು ಬುಟ್ಟಿಗಟ್ಟಲೆ ಇವೆ, ಯಾವುದು ಮೊದಲು ಮಾಡುವುದು ಎಂದರೆ ತಡಬಡಿಸುತ್ತಾನೆ ಎಂದು ಕಂಪನಿಯವರು ಹೇಳಿ ಕಳಿಸಿದ್ದರು. ಸುದ್ದಿ ಕೇಳಿದ ರುದ್ರಮುನಿಯ ಬಾಯಿಗೆ ಸಕ್ಕರೆ ಬಿದ್ದಂತಾಯಿತು. ಕಾಲೇಜಿನ ಕಟ್ಟೆಯ ಮೇಲೆ ತೌಸಿಫ್ ತಲೆ ಬಗ್ಗಿಸಿ ಕೂತದ್ದನ್ನು ನೋಡುವವರೆಗೂ ಆ ಸಿಹಿ ಇತ್ತು.

ಮರುದಿನ ತರನ್ನುಮ ಸ್ಟಾಫ್ ರೂಮಿಗೆ ಬಂದು ಅವನೆದುರು ಕೂತಳು.

"ಸರ್, ಹುಡುಗ್ರಿಗೆ ವಿಚಾರ ಹೊಳಿಯೂ ಹಂಗ ಮಾಡಾಕ ನನಗ ಬರ್ತೈತಿ. ಅವನ್ನ ಒಂದ ದಾರಿಗೆ ಹಚ್ಚಾಕ ನಿಮ್ಮಂಗ ಬರಂಗಿಲ್ಲ. ಮುಂದಿನ ವರ್ಷ ಇಬ್ರೂ ಕೂಡೇ ಕ್ಲಾಸ್ ತಗೊಳ್ಳೂಣೇನ್ರಿ?"

ರುದ್ರಮುನಿ ಕನ್ನಡಕ ತೆಗೆದು ಒರೆಸಿದ. "ಆಗ್ಲಿ. ಆದ್ರ ವೇಳಾಪಟ್ಟಿಯೊಳಗ ನನ್ನ ಹೆಸರ ಮೊದಲ ಇರಬೇಕು."

"ಇರ್ಲಿ ಬಿಡ್ರಿ. ನೀವು ಹಿರ್ಯಾರು."

ಅಷ್ಟು ಸಲೀಸಾಗಿ ಬಿಟ್ಟುಕೊಟ್ಟಳಲ್ಲ ಎಂದು ಅವನಿಗೆ ಇನ್ನಷ್ಟು ಉರಿಯಿತು.

ಈಗ ಅವರಿಬ್ಬರೂ ಕೂಡಿಯೇ ಪಾಠ ಮಾಡುತ್ತಾರೆ. ನೋಟಿಸ್ ಬೋರ್ಡಿನಲ್ಲಿ ಅವನ ಹೆಸರು ಮೇಲಿದೆ, ಅವಳದು ಕೆಳಗಿದೆ. ಮೊನ್ನೆ ಮೆಟ್ಟಿಲು ಹತ್ತುವಾಗ ಹೊಸ ಹುಡುಗನೊಬ್ಬ ಗೆಳೆಯನಿಗೆ, ಲಗೂ ಬಾ, ತರನ್ನುಮ ಮೇಡಂ ಕ್ಲಾಸ್ ಐತಿ, ಎಂದದ್ದು ಅವನ ಕಿವಿಗೆ ಬಿತ್ತು. ರುದ್ರಮುನಿ ಒಂದು ಗಳಿಗೆ ಮೆಟ್ಟಿಲ ಬದಿಯ ಕಂಬಿ ಹಿಡಿದು ನಿಂತ. ಆಮೇಲೆ ಉಳಿದ ಮೆಟ್ಟಿಲುಗಳನ್ನು ಬೇಗ ಬೇಗ ಹತ್ತಿ, ಅವಳಿಗಿಂತ ಮೊದಲು ಕ್ಲಾಸಿನೊಳಗೆ ಹೋದ.