ಬಸುರಿ ಮನೆಯ ಇಲಿಗಳು

ಇಲಿಗೂ ಬಸ್ ಟಿಕೆಟ್ ಬೇಕಾ?

ಮೂರು ತಿಂಗಳ ಹಿಂದೆ ಪಾಲಹಳ್ಳಿ ಕಡೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ತೊಡೆಯ ಮೇಲೆ ಟವೆಲ್ ಮುಚ್ಚಿದ ಒಂದು ಬೋನು. ಕಂಡಕ್ಟರು ಹತ್ತಿರ ಬಂದು, ‘ಏನ್ರೀ ಅದು?’ ಅಂದ.

‘ನಮ್ಮ ಮನೆಯವ್ರು’ ಅಂದೆ.

ಟವೆಲ್ ಎತ್ತಿದ. ಒಳಗಿದ್ದ ಇಲಿ ಹಿಂಗಾಲ ಮೇಲೆ ನಿಂತು, ಪಾಸ್ ಇರುವವರು ನೋಡುವ ಹಾಗೆ ಅವನನ್ನು ನೋಡಿತು. ಕಂಡಕ್ಟರು ವಿಷಲ್ ಊದಿದ.

‘ಇಳೀರಿ ಕೆಳೀಕೆ. ಇಬ್ರೂವೆ.’

(ಆ ‘ಇಬ್ರೂವೆ’ಯನ್ನು ಅವನ ಧ್ವನಿಯಲ್ಲೇ ಕೇಳಬೇಕು. ಬರವಣಿಗೆಯಲ್ಲಿ ಬರುವುದಿಲ್ಲ. ಎಲ್ಲಾದರೂ ಸಿಕ್ಕಿದರೆ ಮಾಡಿ ತೋರಿಸುತ್ತೇನೆ.)

ಅವತ್ತಿನಿಂದ ನಮ್ಮ ಇಲಿಗಳ ಪ್ರಯಾಣ ಸೈಕಲ್ ಕ್ಯಾರಿಯರ್ ಮೇಲೆ. ಡ್ರೈವರು ನಾನೇ.

ಒಂದು ಪೊಟ್ಟಣ ಪಾಷಾಣಕ್ಕೆ ಮುಗಿಯುವ ಕೆಲಸಕ್ಕೆ ಇಷ್ಟೆಲ್ಲ ಯಾಕೆ ಅಂತ ನೀವು ಕೇಳುತ್ತೀರಿ. ನಾನೂ ಕೇಳಿದ್ದೆ. ಅವ್ವ ಸೌಟು ತೋರಿಸಿದಳು.

ವಿಷಯ ಇಷ್ಟೇ. ನಮ್ಮಕ್ಕನನ್ನು ಕೊಟ್ಟಿರುವುದು ಕೃಷ್ಣರಾಜಪೇಟೆ ಕಡೆ ಸಿಂಧಘಟ್ಟಕ್ಕೆ. ಏಳನೇ ತಿಂಗಳಲ್ಲಿ ಮಡಿಲು ತುಂಬಿಸಿ ಶ್ರೀರಂಗಪಟ್ಟಣಕ್ಕೆ, ಅಂದರೆ ನಮ್ಮ ಮನೆಗೆ, ಕರೆದುಕೊಂಡು ಬಂದೆವು. ಬಸುರಿ ಇರುವ ಮನೆಯಲ್ಲಿ ಜೀವ ತೆಗೆಯಬಾರದು. ಹಾವಾಗಲಿ, ಚೇಳಾಗಲಿ, ಇಲಿಯಾಗಲಿ. ಇದು ಅವ್ವನ ಕಾನೂನು. ಅವ್ವನ ಅವ್ವನ ಕಾನೂನು. ಇದಕ್ಕೆ ಅಪೀಲು ಇಲ್ಲ.

ಗಂಡನಿಗೂ ಇದೇ ರೂಲ್ಸು. ಪಾಪ, ನಮ್ಮ ಭಾವ ಗದ್ದೆ ಬದುವಿನಲ್ಲಿ ಹೆಗ್ಗಣದ ಬಿಲ ಕಂಡರೂ ಮುಖ ಆ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದರಂತೆ. ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದಾಗ, ‘ಭತ್ತ ತಿಂದಾಕ್ತಾವೆ ಕಣೋ, ತಿನ್ಲಿ ಬುಡು, ಮುಂದಿನ್ ಬೆಳೇಲಿ ನೋಡ್ಕಂಡ್ರಾಯ್ತು’ ಅಂದಿದ್ದರು. ನಾನು ಯಾರ ಧ್ವನಿಯನ್ನು ಬೇಕಾದರೂ ನಕಲು ಮಾಡುತ್ತೇನೆ. ಆ ಧ್ವನಿಯನ್ನು ಮಾತ್ರ ಇವತ್ತಿನವರೆಗೂ ಮಾಡಿಲ್ಲ.

ಯಾಕೆಂದರೆ ಹಿಂದಿನ ವರ್ಷವೂ ಅಕ್ಕ ಬಸುರಿಯಾಗಿದ್ದಳು. ಆರನೇ ತಿಂಗಳಲ್ಲಿ ಹೋಗಿಬಿಟ್ಟಿತು. ಆಮೇಲೆ ನಮ್ಮ ಮನೆಯಲ್ಲಿ ಅದರ ಮಾತು ಯಾರೂ ಎತ್ತಿಲ್ಲ. ಅವ್ವ ಎಂಥೆಂಥ ಕಾನೂನು ತಂದರೂ ಯಾರೂ ಎದುರು ಮಾತಾಡದೆ ಇದ್ದದ್ದು ಅದಕ್ಕೇ.

ನಮ್ಮದು ಕೋಟೆಯೊಳಗಿನ ಹಳೇ ಹೆಂಚಿನ ಮನೆ. ಮಣ್ಣಿನ ಗೋಡೆ. ಒಂದು ಕಡೆ ಹಸು, ಹುಲ್ಲು, ಹಿಂಡಿ. ಇನ್ನೊಂದು ಕಡೆ ಅಕ್ಕಿ ಡ್ರಮ್ಮು. ಇಲಿಗೆ ಇನ್ನೇನು ಬೇಕು? ಅಕ್ಕ ಬಂದ ಮೊದಲ ವಾರವೇ ಒಂದು ಇಲಿ ಅವಳ ಹಾಸಿಗೆ ಮೇಲೆ ಓಡಿತು. ಕೂಸು ಹುಟ್ಟಿದ ಮೇಲೆ ಹಾಲಿನ ವಾಸನೆಗೆ ಬಂದು ತುಟಿ ಕಚ್ಚಿದರೆ? ಅಕ್ಕ ಕೇಳಿದ್ದು ಒಂದೇ ಸಲ.

ಓಡಿಸಬೇಕು. ಸಾಯಿಸಬಾರದು. ಇಷ್ಟು ತೀರ್ಮಾನವಾಯಿತು. ಅಪ್ಪ ಸಂತೆಯಿಂದ ಮರದ ಬೋನು ತಂದರು. ಇಲಿ ಒಳಗೆ ಹೋದರೆ ಬಾಗಿಲು ಬೀಳುತ್ತೆ, ಅಷ್ಟೇ. ಸುಟ್ಟ ಕೊಬ್ಬರಿ ಸಿಕ್ಕಿಸಿ ಇಡುವುದು. ಸಿಕ್ಕಿದ್ದನ್ನು ಬೆಳಗ್ಗೆ ಹೊಳೆ ದಾಟಿಸಿ ಬಿಡುವುದು. ನೀರು ದಾಟಿದ ಇಲಿ ವಾಪಸ್ ಬರುವುದಿಲ್ಲ ಅಂತ ಅವ್ವನ ನಂಬಿಕೆ. ಶ್ರೀರಂಗಪಟ್ಟಣದಲ್ಲಿ ಇದೊಂದು ಅನುಕೂಲ. ಎತ್ತ ಹೋದರೂ ಹೊಳೆ.

ಇನ್ನೊಂದು ನಿಯಮ: ಬೋನು ಇಡುತ್ತೇವೆ ಅಂತ ಬಾಯಿಬಿಟ್ಟು ಹೇಳಬಾರದು. ಇಲಿ ಕೇಳಿಸಿಕೊಳ್ಳುತ್ತೆ! ಹಾಗಾಗಿ ಸಂಜೆಯಾದರೆ ನಮ್ಮ ಮನೆಯಲ್ಲಿ ಬರೀ ಕೈಸನ್ನೆ. ಅವ್ವ ಕೊಬ್ಬರಿ ಕಡೆ ಕಣ್ಣು ಹೊಡೆಯುತ್ತಾಳೆ. ಅಪ್ಪ ಎರಡು ಬೆರಳಿನಲ್ಲಿ ಬಾಗಿಲು ಬೀಳುವುದನ್ನು ಮಾಡಿ ತೋರಿಸುತ್ತಾರೆ. ನಾನು ಇಲಿಯ ಹಾಗೆ ಮೂಗು ಕುಣಿಸಿ ಕಿವಿ ನಿಮಿರಿಸುತ್ತೇನೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ.

‘ನಗುಸ್‌ಬ್ಯಾಡ್ವೋ ಅವ್ಳ್ನ, ಕೂಸು ಅಲ್ಲಾಡೋಯ್ತದೆ’ ಅಂತ ಅವ್ವ.

ವಾರಕ್ಕೆ ಮೂರೋ ನಾಲ್ಕೋ ಸಿಗುತ್ತಿದ್ದವು. ಸೇತುವೆ ದಾಟಿ, ಮೂರು ಮೈಲಿ ತುಳಿದು, ಪಾಲಹಳ್ಳಿ ಹತ್ತಿರದ ಕಬ್ಬಿನ ಗದ್ದೆಯಲ್ಲಿ ಬಿಟ್ಟು ಬರುತ್ತಿದ್ದೆ. ಒಂದು ಭಾನುವಾರ ಪಾಲಹಳ್ಳಿಯಿಂದ ನಮ್ಮತ್ತೆ, ಅಂದರೆ ಅಪ್ಪನ ತಂಗಿ, ಅಕ್ಕನನ್ನು ನೋಡುವುದಕ್ಕೆ ಕಜ್ಜಾಯ ತಗೊಂಡು ಬಂದರು. ಕೂತವರೇ, ‘ಈ ಸತಿ ಅದೇನ್ ಇಲಿ ಕಾಟ ಅಂತೀಯಣ್ಣ! ಎಲ್ಲಿಂದ ಬಂದ್ವೋ ಕಾಣೆ’ ಅಂದರು.

ಅಪ್ಪ ಹೆಂಚು ಎಣಿಸತೊಡಗಿದರು. ಅವ್ವ ಎದ್ದು ಒಳಗೆ ಹೋದಳು. ನಾನು ಕಜ್ಜಾಯ ಬಾಯಿಗೆ ತುರುಕಿಕೊಂಡೆ. (ಅತ್ತೆ ಈ ಪೇಪರ್ ಓದುವುದಿಲ್ಲ. ಓದುವವರು ದಯವಿಟ್ಟು ಹೇಳಬೇಡಿ.)

ಇಷ್ಟೇ ಆಗಿದ್ದರೆ ಇದು ನಗೆಬರಹ. ಇಲ್ಲಿಗೆ ಮುಗಿಸುತ್ತಿದ್ದೆ.

ಎಂಟು ತುಂಬಿ ಒಂಬತ್ತಕ್ಕೆ ಬಿದ್ದ ಒಂದು ದಿನ ಬೋನಿಗೆ ಒಳ್ಳೇ ಗುಂಡಗಿನ ಇಲಿ ಬಿದ್ದಿತ್ತು. ಎಂದಿನಂತೆ ಹೊಳೆ ದಾಟಿಸಿ ಬಂದು ಕೈಕಾಲು ತೊಳೆಯುತ್ತಿದ್ದೆ. ಅವ್ವ ಅಟ್ಟದ ಮೇಲಿನ ಟ್ರಂಕು ಇಳಿಸು ಅಂದಳು. ಹುಟ್ಟುವ ಕೂಸಿಗೆ ಮೊದಲೇ ಹೊಸ ಬಟ್ಟೆ ತರುವ ಪದ್ಧತಿ ನಮ್ಮಲ್ಲಿಲ್ಲ. ಹಳೇ ಮೆತ್ತನೆ ಹತ್ತಿ ಸೀರೆಗಳೇ ಹಾಸುವುದಕ್ಕೆ, ಸುತ್ತುವುದಕ್ಕೆ. ಅವ್ವ ಅವನ್ನು ವರ್ಷಗಟ್ಟಲೆ ಕೂಡಿಟ್ಟಿದ್ದಳು. ಹಿಂದಿನ ವರ್ಷ ಆ ಟ್ರಂಕು ಇಳಿಯಲೇ ಇಲ್ಲ. ಈ ಸಲ ಇಳಿಯಿತು ಅನ್ನುವುದೇ ಮನೆಯಲ್ಲಿ ಹಬ್ಬ.

ಮುಚ್ಚಳ ತೆಗೆದವಳು ಅಕ್ಕ.

ಟ್ರಂಕಿನ ಮೂಲೆ ತುಕ್ಕು ಹಿಡಿದು ತೂತಾಗಿತ್ತು. ಕೆಂಪು ಸೀರೆಯ ಎಳೆ ಎಳೆ ಬಿಡಿಸಿ, ಗೂಡು ಕಟ್ಟಿ, ಅದರ ನಡುವೆ ಆರು ಮರಿ. ಕಣ್ಣು ಬಿಟ್ಟಿಲ್ಲ. ಮೈ ಮೇಲೆ ಒಂದು ಕೂದಲಿಲ್ಲ. ಒಂದೊಂದೂ ಕಡಲೆಬೀಜದಷ್ಟು, ಬೆಳ್ಳುಳ್ಳಿ ಸಿಪ್ಪೆಯ ಬಣ್ಣ. ಒಂದರ ಮೇಲೊಂದು ಬಿದ್ದು ಬಾಯಿ ಆಡಿಸುತ್ತಿದ್ದವು.

‘ಅಯ್ಯೋ ಶಿವನೇ’ ಅಂತ ಅವ್ವ ಅಲ್ಲೇ ಕುಕ್ಕರಿಸಿದಳು.

ಅಕ್ಕ ನನ್ನ ಕಡೆ ತಿರುಗಿದಳು. ‘ಬೆಳಿಗ್ಗೆ ನೀನ್ ಬುಟ್ಬುಟ್ಟು ಬಂದ್ಯಲ್ಲ, ಅದು ಇವುಗಳ್ ಅವ್ವನೇನ್ಲಾ?’

‘ಇದ್ರೂ ಇರ್‌ಬೋದು’ ಅಂದೆ.

ಅಕ್ಕ ಅಳಲಿಲ್ಲ. ಅತ್ತಿದ್ದರೆ ಏನಾದರೂ ಹೇಳಿ ನಗಿಸಬಹುದಿತ್ತು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಟ್ರಂಕಿನ ಪಕ್ಕದಲ್ಲೇ ಗೋಡೆಗೆ ಒರಗಿದಳು. ‘ಸಾಯ್ಸುದ್ರೆ ದೋಸ ಅಂದ್ರಿ. ಇದು ಇನ್ನೇನು?’

ಅವ್ವ ಮುದ್ದೆ ತಂದಿಟ್ಟಳು. ಅಕ್ಕ ಮುಟ್ಟಲಿಲ್ಲ. ಬೆಳಗಿನ ರೊಟ್ಟಿಯೂ ಅರ್ಧವೇ ಹೋಗಿತ್ತು. ಒಂದು ಗಂಟೆಯಾಯಿತು. ಒಂದೂವರೆಯಾಯಿತು. ‘ಒಂದ್ ತುತ್ತು ಉಣ್ಣವ್ವ, ನಿನ್‌ಗಲ್ದಿದ್ರೂ ಒಳ್ಗಿರೋದ್ಕೆ’ ಅಂತ ಅವ್ವ ಅಂಗಲಾಚಿದಳು. ‘ಇವುಗಳ್ ಅವ್ವ ಬರ್ಲಿ, ಉಣ್ತೀನಿ’ ಅಂದಳು ಅಕ್ಕ. ಅಪ್ಪ ಬಾಗಿಲಲ್ಲಿ ನಿಂತು, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚುವುದು ಸುತ್ತುವುದು ಮಾಡುತ್ತಿದ್ದರು. ಹಿಂದಿನ ವರ್ಷ ಆಸ್ಪತ್ರೆ ಹೊರಗೆ ನಿಂತಿದ್ದಾಗ ಇದನ್ನೇ ಮಾಡುತ್ತಿದ್ದರು.

ನಾನು ಖಾಲಿ ಬೋನು ಸೈಕಲ್ಲಿಗೆ ಕಟ್ಟಿದೆ.

ಹೌದು ಸ್ವಾಮಿ, ಹೋದೆ. ಮೂರು ಮೈಲಿ. ಬೆಳಗ್ಗೆ ಬಿಟ್ಟ ಇಲಿಯನ್ನು ಮಧ್ಯಾಹ್ನ ಹುಡುಕುವುದಕ್ಕೆ. ತಲೆ ಸರಿ ಇರುವವರು ಮಾಡುವ ಕೆಲಸವೇ? ಆದರೆ ಆಗ ನಮ್ಮ ಮನೆಯಲ್ಲಿ ತಲೆ ಸರಿ ಇದ್ದದ್ದು ಯಾರಿಗೆ?

ಕಬ್ಬಿನ ಗದ್ದೆ ಬದುವಿನಲ್ಲಿ ಕೂತು ಇಲಿಯ ಹಾಗೆ ಕೂಗಿದೆ. ನಾನು ರಾಜ್ಯೋತ್ಸವದ ಸ್ಟೇಜಿನಲ್ಲಿ ಮಿಮಿಕ್ರಿ ಮಾಡಿ ಚಪ್ಪಾಳೆ ತಗೊಂಡವನು. ಕಿಚ್ ಕಿಚ್ ಅಂದೆ. ಸಣ್ಣಗೆ ಅಂದೆ, ಮರಿ ಥರ ಅಂದೆ, ಆರು ಮರಿ ಥರ ಅಂದೆ.

‘ಯಾರ್ಲಾ ಅದು?’

ಕುಡುಗೋಲು ಹಿಡಿದ ಒಬ್ಬ ಗೌಡರು. ಹುಲ್ಲು ಕುಯ್ಯುತ್ತಿದ್ದವರು ಎದ್ದು ಬಂದಿದ್ದರು.

‘ಇಲಿ ಕರೀತಿವ್ನಿ ಗೌಡ್ರೇ.’

‘ಊರ್‌ನೋರೆಲ್ಲ ಓಡುಸ್ತಾವ್ರೆ, ನೀನೊಬ್ಬ ಕರೀತಿದ್ದೀಯ? ಯಾವೂರ್ಲಾ ನಿಂದು?’

ಹೇಳಿದೆ. ಎಲ್ಲ ಹೇಳಿದೆ. ಬೋನು, ಮರಿ, ಮುಟ್ಟದ ಮುದ್ದೆ. ಹಿಂದಿನ ವರ್ಷದ್ದೂ ಹೇಳಿಬಿಟ್ಟೆ. ಮನೆಯಲ್ಲಿ ಆಡದ ಮಾತನ್ನು ಬದುವಿನಲ್ಲಿ ನಿಂತು ಗುರುತಿಲ್ಲದವರ ಹತ್ತಿರ ಆಡಿದೆ. ಮೊದಲು ನಗುತ್ತಿದ್ದ ಗೌಡರು ಆಮೇಲೆ ನಗಲಿಲ್ಲ.

‘ಎಷ್ಟ್ರಲ್ಲವ್ಳೆ?’

‘ಒಂಬತ್ತು.’

ಕುಡುಗೋಲು ಕೆಳಗಿಟ್ಟರು. ಪಂಚೆ ಎತ್ತಿ ಕಟ್ಟಿ, ನನ್ನ ಜೊತೆ ಬದುವಿನ ಉದ್ದಕ್ಕೂ ಕಬ್ಬಿನ ಒಣಗರಿಯ ರವುದಿ ಸರಿಸಿ ಸರಿಸಿ ನೋಡಿದರು. ಅರ್ಧ ಗಂಟೆ. ಅದೇ ಇಲಿ ಅಂತ ಗುರುತು ಹಿಡಿಯುವುದು ಹೇಗೆ ಅಂತ ಇಬ್ಬರೂ ಕೇಳಲಿಲ್ಲ.

ಕೊನೆಗೆ ಸೊಂಟ ನೆಟ್ಟಗೆ ಮಾಡಿಕೊಂಡು, ‘ಸಿಕ್ತು ಅಂದ್ಬುಡು ಓಗ್ಲಾ ಮಗ. ಬಸ್ರಿ ಉಣ್ಲಿ ಅಂತ ಏಳೋ ಸುಳ್ಳು ಸುಳ್ಳಲ್ಲ’ ಅಂದರು.

ವಾಪಸ್ ಬಂದೆ. ಖಾಲಿ ಬೋನಿನ ಮೇಲೆ ಟವೆಲ್.

‘ಸಿಕ್ತು!’ ಅಂದೆ. ‘ಯಾರೂ ಹತ್ರ ಬರ್‌ಬ್ಯಾಡಿ, ಬೆದ್ರುಕೋತದೆ.’

ಅವ್ವ ನನ್ನ ಮುಖ ನೋಡಿದಳು. ಒಂದೇ ಕ್ಷಣ. ಗೊತ್ತಾಯಿತು ಅವಳಿಗೆ. ಜೀವನದಲ್ಲಿ ಮೊದಲ ಸಲ ನನ್ನ ಸುಳ್ಳಿಗೆ ಬೈಯಲಿಲ್ಲ. ಅಪ್ಪ, ನಾನು ಸೇರಿ ಟ್ರಂಕು ಮತ್ತೆ ಅಟ್ಟಕ್ಕೆ ಏರಿಸಿದೆವು. ನಾನು ಬೋನಿನ ಸಮೇತ ಮೇಲೇ ಉಳಿದೆ. ಆ ಧೂಳು, ಆ ಸೆಕೆ, ಮುರಿದ ಮೊರಗಳ ನಡುವೆ ಮಂಡಿಯೂರಿ, ನನ್ನ ಜೀವಮಾನದ ದೊಡ್ಡ ಪ್ರೋಗ್ರಾಂ ಕೊಟ್ಟೆ. ತಾಯಿ ಇಲಿ ಬೋನಿನಿಂದ ಆಚೆ ಬಂತು. ಉಗುರಿನಲ್ಲಿ ತಗಡು ಕೆರೆದೆ. ಗೂಡು ಹುಡುಕಿತು. ಕಿಚ್. ಮರಿಗಳು ಉತ್ತರ ಕೊಟ್ಟವು. ಕಿಚ್ ಕಿಚ್. ಹಾಲು ಕುಡಿಸಿತು. (ಅದರ ಶಬ್ದ ಹೇಗಿರುತ್ತೆ ಅಂತ ನನಗೇನು ಗೊತ್ತು? ನಾಲಿಗೆ ಲೊಚಗುಟ್ಟಿದೆ.) ನಡುವೆ ಧೂಳಿಗೆ ಒಂದು ಸಲ ಕೆಮ್ಮು ಬಂತು. ಉಸಿರು ಬಿಗಿಹಿಡಿದೆ.

ಆಮೇಲೆ ಅಕ್ಕನ ಧ್ವನಿ. ‘ಇಕ್ಕವ್ವ, ಉಣ್ತೀನಿ.’

ತಟ್ಟೆ ಇಟ್ಟ ಸದ್ದು ಕೇಳಿದ ಮೇಲೆ ನಾನು ಅಟ್ಟದ ಮೇಲೇ ಸ್ವಲ್ಪ ಹೊತ್ತು ಕೂತಿದ್ದೆ. ಕಣ್ಣಿಗೆ ಧೂಳು ಬಿದ್ದಿತ್ತು ಅಂತ ಬರೆದರೆ ನೀವು ನಂಬುವುದಿಲ್ಲ. ಬಿಡಿ.

ಮಾರನೇ ಬೆಳಗ್ಗೆ ಆರು ಹೆಣ ಎತ್ತಬೇಕು ಅಂತ ಗಟ್ಟಿ ಮನಸ್ಸು ಮಾಡಿ ಅಟ್ಟ ಹತ್ತಿದೆ. ಟ್ರಂಕು ತೆಗೆದರೆ ಗೂಡು ಖಾಲಿ. ಒಂದು ಮರಿಯೂ ಇಲ್ಲ. ಟ್ರಂಕಿನ ತೂತಿನಿಂದ ಶುರುವಾಗಿ, ಅಟ್ಟದ ಅಂಚು, ಗೋಡೆಯ ಬಿರುಕು, ಅಕ್ಕಿ ಡ್ರಮ್ಮಿನ ಹಿಂದಿನ ಬಿಲದವರೆಗೆ ಕೆಂಪು ಸೀರೆಯ ಎಳೆಗಳು ಉದುರಿದ್ದವು. ಬಿಲಕ್ಕೆ ಕಿವಿಯಿಟ್ಟೆ. ಕಿಚ್ ಕಿಚ್. ಈ ಸಲ ಮಾಡಿದ್ದು ನಾನಲ್ಲ.

ಅಂದರೆ ತಾಯಿ ಮನೆಯಲ್ಲೇ ಇದ್ದಳು. ನಾನು ಹೊಳೆ ದಾಟಿಸಿದ್ದು ಯಾವನೋ ಹೊಟ್ಟೆಬಾಕ ಸೋದರಮಾವನನ್ನು. ಅಪ್ಪ ಒಪ್ಪುವುದಿಲ್ಲ. ‘ಇಲ್ಲ ಕಣ್ಲಾ, ಅದೇ ಬಂದದೆ. ಮಕ್ಳಿದ್ರೆ ಒಳೆ ಏನು, ಸಮುದ್ರನೂ ದಾಟ್ತದೆ’ ಅನ್ನುತ್ತಾರೆ.

ಅದಾದ ಮೂರನೇ ವಾರ ಅಕ್ಕನಿಗೆ ನೋವು ಬಂತು. ಆಸ್ಪತ್ರೆಗೆ ಹೋಗುವ ಕಾರಿನಲ್ಲಿ ನನ್ನ ಕೈ ನುಲಿಯುವ ಹಾಗೆ ಹಿಡಿದುಕೊಂಡಿದ್ದಳು. ನೋವು ಒಂಚೂರು ಬಿಟ್ಟಾಗ ಕೇಳಿದಳು: ‘ಇಲಿ ಕೆಮ್ತದೇನ್ಲಾ?’

‘ಗೊತ್ತಿತ್ತಾ? ಮತ್ಯಾಕೆ ಉಂಡೆ?’

‘ಆ ಬಿಸ್ಲಲ್ಲಿ ಓಗ್ಬಂದಿದ್ಯಲ್ಲ, ಅದುಕ್ಕೆ’ ಅಂದಳು. ಅಷ್ಟರಲ್ಲಿ ಮತ್ತೆ ನೋವು. ಮತ್ತೆ ನನ್ನ ಕೈ.

ಹೆಣ್ಣು ಕೂಸು. ಈಗ ಒಂದು ತಿಂಗಳು. ಅಳುವುದನ್ನು ಕೇಳಿಯೇ ಕೇಳಿರುತ್ತೀರಿ, ಕೋಟೆಗೆಲ್ಲ ಕೇಳುತ್ತೆ. ಅವಳ ಅಳುವನ್ನು ಆಗಲೇ ಕಲಿತಿದ್ದೇನೆ. ಅವ್ವ ಎರಡು ಸಲ ಮೋಸ ಹೋಗಿ ತೊಟ್ಟಿಲಿಗೆ ಓಡಿದ್ದಾಳೆ.

ಮೊನ್ನೆ ಅಪ್ಪ ಅಂಗಡಿಯಿಂದ ಬಂದವರೇ ಒಂದು ಪೊಟ್ಟಣ ತೆಗೆದರು. ಪಾಷಾಣ. ‘ಎರ್ಗೆ ಆಯ್ತಲ್ಲ, ಇನ್ನೇನ್ ದೋಸ? ಡ್ರಮ್ಮಿನ್ ಇಂದೆ ಎಂಟೊಂಬತ್ತು ಅವೆ ಈಗ.’

ಅವ್ವ ಸೌಟು ಎತ್ತಿದಳು. ‘ಬಾಣ್ತಿ ಮನೇಗೆ ಇಸ ತಂದಿದ್ದೀಯಲ್ಲ, ಬುದ್ಧಿ ಅದೆಯಾ?’

‘ಬಾಣ್ತನ ಐದ್ ತಿಂಗ್ಳು ತುಂಬ್ಲಿ ಅಂಗಾರೆ.’

‘ಆಗ ಕೂಸು ತೆವಳ್ತದೆ. ಕೈಗ್ ಸಿಕ್ಕಿದ್ದ ಬಾಯ್ಗಾಕತದೆ.’

‘ಅವ್ಳು ಸಿಂಧಘಟ್ಟಕ್ಕೋದ್ಮ್ಯಾಲೆ?’

‘ಅಷ್ಟೊತ್ಗೆ ಇವನ್ಗೊಂದ್ ಮದ್ವೆ’ ಅಂತ ಅವ್ವ ನನ್ನ ಕಡೆ ಸೌಟು ತಿರುಗಿಸಿದಳು. ‘ಆಮೇಲೆ ಸೊಸೆ ಬಸ್ರಿ.’

ಅಪ್ಪ ಪೊಟ್ಟಣ ವಾಪಸ್ ಕೊಟ್ಟು ಬರಲು ಚಪ್ಪಲಿ ಮೆಟ್ಟಿದರು. ಲೆಕ್ಕ ಹಾಕಿ ನೋಡಿದೆ. ನಮ್ಮ ಮನೆಯಲ್ಲಿ ಇಲಿ ಕೊಲ್ಲಬೇಕಾದರೆ ಬಸುರಿ, ಬಾಣಂತಿ, ಕೂಸು ಯಾರೂ ಇಲ್ಲದ ಕಾಲ ಬರಬೇಕು. ಅಂಥ ಕಾಲ ಬರಲಿ ಅಂತ ಯಾವ ಬಾಯಲ್ಲಿ ಬೇಡಿಕೊಳ್ಳಲಿ, ನೀವೇ ಹೇಳಿ?